ಮೊದಲು ಒಂಟೆ ಕಟ್ಟಿ, ಆಮೇಲೆ ತವಕ್ಕುಲ್: ಹಜ್, ಉಮ್ರಾ ಯಾತ್ರಿಕರು ಜೇಬುಗಳ್ಳರಿಂದ ಪಾರಾಗುವುದು ಹೇಗೆ?
(ಜುಮಾ ಬಯಾನಿನ ಸಾರಾಂಶ)

  



ಹಜ್ಜಿಗೆ ಹೊರಟವರಿಗೆ ನಾವು ಇಹ್ರಾಮ್, ತವಾಫ್, ಸಈ, ಅರಫಾತ್‌ಗಳ ಮಸಲೆಗಳನ್ನು ಪ್ರತಿ ವರ್ಷ ಹೇಳುತ್ತೇವೆ. ಈ ಸಲ ಅದರ ಜೊತೆಗೆ ಜೇಬಿನ ಮಾತನ್ನೂ ಆಡಿದೆವು. ಮಸೀದಿಯಲ್ಲಿ ಜೇಬುಗಳ್ಳರ ವಿಷಯ ಏಕೆ ಎಂದು ಕೆಲವರಿಗೆ ಅನಿಸಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಿಂದ ಹಜ್ಜಿಗೆ ಹೋಗುವವರ ಹಣ ಎಲ್ಲಿಂದ ಬರುತ್ತದೆಂದು ನಮಗೆಲ್ಲ ಗೊತ್ತು. ಕೆಲವರದು ತೋಟದ ಹಣ, ಕೆಲವರದು ಕೊಬ್ಬರಿ ವ್ಯಾಪಾರದ ಹಣ, ಇನ್ನು ಕೆಲವರದು ಕಾಯಿ ಸುಲಿದು, ಗಾಡಿ ಹೊಡೆದು ಕೂಡಿಟ್ಟ ಹಣ. ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕೂತು ಕೊಬ್ಬರಿಯಾಗುತ್ತದೆ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಇಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಆ ಲೆಕ್ಕದಲ್ಲಿ ಹರಮ್‌ನ ಬಾಗಿಲಲ್ಲಿ ಒಂದು ಸಾವಿರ ರಿಯಾಲ್ ಕಳೆದುಕೊಂಡರೆ ಹತ್ತಿರ ಹತ್ತಿರ ಎರಡು ಕ್ವಿಂಟಲ್ ಕೊಬ್ಬರಿ ಹೋದಂತೆ. ಈ ಹಣ ಅಲ್ಲಾಹನು ನಮಗೆ ಕೊಟ್ಟ ಅಮಾನತ್. ಅದನ್ನು ಕಾಯುವುದೂ ದೀನಿನ ಮಾತೇ.

ಪುಣ್ಯಭೂಮಿಯಲ್ಲಿ ಕಳ್ಳರೇ?

"ಅಲ್ಲಾಹನ ಮನೆಯಲ್ಲಿ ಯಾರು ಕದಿಯುತ್ತಾರೆ?" ಎಂಬ ಮುಗ್ಧ ನಂಬಿಕೆ ನಮ್ಮ ಹಿರಿಯರಲ್ಲಿ ಬಹಳ. ಆ ನಂಬಿಕೆಯೇ ಕಳ್ಳನ ಬಂಡವಾಳ. ಸಹೀಹ್ ಮುಸ್ಲಿಮ್‌ನಲ್ಲಿ ಹಜ್ರತ್ ಜಾಬಿರ್(ರ)ರಿಂದ ಬಂದ ಒಂದು ಹದೀಸ್ ಇದೆ. ಸೂರ್ಯಗ್ರಹಣದ ದಿನ ನಮಾಜಿನಲ್ಲಿ ಪ್ರವಾದಿ(ಸ)ರವರಿಗೆ ನರಕದ ದೃಶ್ಯ ತೋರಿಸಲಾಯಿತು. ಅಲ್ಲಿ ಅವರು ಕಂಡವರಲ್ಲಿ ಒಬ್ಬ, ತುದಿ ಬಾಗಿದ ಕೋಲು ಹಿಡಿದವನು. ಹಾಜಿಗಳ ಸಾಮಾನನ್ನು ಆ ಕೋಲಿನ ಕೊಕ್ಕೆಯಿಂದ ಎಳೆದುಕೊಳ್ಳುವುದು ಅವನ ಕಸುಬಾಗಿತ್ತು. ಯಾರಾದರೂ ನೋಡಿದರೆ, ಕೋಲಿಗೆ ತಾನಾಗಿ ಸಿಕ್ಕಿಕೊಂಡಿತು ಎನ್ನುತ್ತಿದ್ದ. ನೋಡದಿದ್ದರೆ ಎತ್ತಿಕೊಂಡು ಹೋಗುತ್ತಿದ್ದ.

ಇಂದಿನ ಜೇಬುಗಳ್ಳನ ಉಪಾಯವೂ ಇದೇ ಅಲ್ಲವೇ? ಮೈಗೆ ಮೈ ತಾಗಿಸುತ್ತಾನೆ. ನೀವು ತಿರುಗಿ ನೋಡಿದರೆ "ಸಾರಿ ಹಾಜಿ, ರಶ್ ಇದೆ" ಎನ್ನುತ್ತಾನೆ. ನೋಡದಿದ್ದರೆ ಪರ್ಸ್ ಅವನದಾಯಿತು. ಕೋಲು ಹೋಗಿ ಎರಡು ಬೆರಳು ಬಂದಿದೆ, ಅಷ್ಟೇ. 1183ರಲ್ಲಿ ಅಂದಲೂಸಿನಿಂದ ಮಕ್ಕಾಕ್ಕೆ ಬಂದ ಪ್ರವಾಸಿ ಇಬ್ನ್ ಜುಬೈರ್ ಕೂಡ ತಮ್ಮ ಪ್ರವಾಸದ ಬರಹದಲ್ಲಿ ಹಾಜಿಗಳ ಕೈಯಿಂದ, ಸೊಂಟದಿಂದ ಚಾಕಚಕ್ಯತೆಯಿಂದ ಕದಿಯುವವರ ಪ್ರಸ್ತಾಪ ಮಾಡಿದ್ದಾರೆ. ಇದು ಆ ಪುಣ್ಯಭೂಮಿಯ ದೋಷವಲ್ಲ. 2024ರ ಹಜ್ಜಿನಲ್ಲಿ ಸೇರಿದವರು 18 ಲಕ್ಷಕ್ಕೂ ಹೆಚ್ಚು ಜನ. ಇಷ್ಟು ಜನ ಸೇರಿದಲ್ಲಿ ಕೆಟ್ಟ ಉದ್ದೇಶದ ನಾಲ್ಕು ಜನವೂ ಸೇರುತ್ತಾರೆ. ಎಷ್ಟೇ ಕ್ಯಾಮೆರಾ, ಎಷ್ಟೇ ಪೊಲೀಸರಿದ್ದರೂ ನಮ್ಮ ಜೇಬನ್ನು ಮೊದಲು ಕಾಯಬೇಕಾದವರು ನಾವೇ.

ಎಚ್ಚರ ವಹಿಸಿದರೆ ತವಕ್ಕುಲ್ ಕಡಿಮೆಯಾಗುತ್ತದೆಯೇ?

ಇಲ್ಲ. ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆ ಇಡಲೋ, ಬಿಟ್ಟು ಭರವಸೆ ಇಡಲೋ ಎಂದು ಕೇಳಿದವನಿಗೆ ಪ್ರವಾದಿ(ಸ)ರವರು ಮೊದಲು ಕಟ್ಟಲು, ಆಮೇಲೆ ಭರವಸೆ ಇಡಲು ಹೇಳಿದರು. ಇದು ತಿರ್ಮಿದಿಯಲ್ಲಿದೆ. ಯುದ್ಧಭೂಮಿಯಲ್ಲಿ ನಮಾಜು ಮಾಡುವ ಕ್ರಮವನ್ನು ಸೂರಾ ಅನ್ನಿಸಾ ತಿಳಿಸುತ್ತದೆ. ಅಲ್ಲಿ ಒಂದು ಗುಂಪು ನಮಾಜಿನಲ್ಲಿದ್ದರೆ ಇನ್ನೊಂದು ಗುಂಪು ಕಾವಲಿಗೆ ನಿಲ್ಲಬೇಕು. ನಮಾಜಿನಲ್ಲೇ ಕಾವಲು ಬೇಕೆಂದ ಮೇಲೆ ಪ್ರಯಾಣದಲ್ಲಿ ಬೇಡವೇ? ಅಟ್ಟದ ಕೊಬ್ಬರಿಗೆ ಬೀಗ ಹಾಕಿ ಊರಿಗೆ ಹೋಗುವ ರೈತನಿಗೆ ಈಮಾನ್ ಇಲ್ಲವೆಂದು ಯಾರೂ ಹೇಳುವುದಿಲ್ಲ.

ಇನ್ನೂ ಒಂದು ಮಾತಿದೆ. ಜೇಬನ್ನು ಮೊದಲೇ ಭದ್ರ ಮಾಡಿಕೊಂಡವನ ಮನಸ್ಸು ತವಾಫಿನಲ್ಲಿ ಕಾಬಾದ ಕಡೆ ಇರುತ್ತದೆ. ಮಾಡಿಕೊಳ್ಳದವನ ಕೈ ಏಳು ಸುತ್ತೂ ಜೇಬಿನ ಮೇಲೇ ಇರುತ್ತದೆ. ಎಚ್ಚರ ಇರಬೇಕಾದ್ದು ಇಬಾದತ್ತಿಗಾಗಿಯೇ.

ಇಹ್ರಾಮಿಗೆ ಜೇಬಿಲ್ಲ

ನಮ್ಮ ಕಡೆಯ ಹಿರಿಯರು ಮಂಡಿಗೆ, ಸಂತೆಗೆ ಹೋಗುವಾಗ ಹಣ ಇಡುವುದು ಬನಿಯನ್ನಿನ ಒಳಜೇಬಿನಲ್ಲಿ, ಇಲ್ಲವೇ ಪಟಾಪಟಿ ಚಡ್ಡಿಯ ಜೇಬಿನಲ್ಲಿ. ಎಂಥ ಜೇಬುಗಳ್ಳನಿಗೂ ಅದು ಎಟುಕದು. ಆದರೆ ಇಹ್ರಾಮಿನಲ್ಲಿ ಗಂಡಸರಿಗೆ ಬನಿಯನ್ನೂ ಇಲ್ಲ, ಚಡ್ಡಿಯೂ ಇಲ್ಲ. ಹೊಲಿಯದ ಎರಡು ಬಟ್ಟೆ ಮಾತ್ರ. ಜೀವಮಾನದ ಅಭ್ಯಾಸ ಅಲ್ಲಿ ಕೈಕೊಡುತ್ತದೆ. ಹಣವನ್ನು ಕೈಚೀಲದಲ್ಲಿ ಹಾಕಿ ಭುಜಕ್ಕೆ ನೇತು ಹಾಕಿಕೊಳ್ಳುತ್ತಾರೆ. ಅದು ಬೆನ್ನಿನ ಹಿಂದೆ ಸರಿಯುತ್ತದೆ.

ಸೊಂಟಕ್ಕೆ ಹಣದ ಬೆಲ್ಟ್ ಕಟ್ಟಬಹುದೇ, ಅದರಲ್ಲಿ ಹೊಲಿಗೆ ಇದೆಯಲ್ಲ ಎಂದು ಹಲವರು ನಮ್ಮನ್ನು ಕೇಳುತ್ತಾರೆ. ಕಟ್ಟಬಹುದು. ಹಣದ ಪಟ್ಟಿ ಕಟ್ಟಿಕೊಳ್ಳಲು ಹಜ್ರತ್ ಆಯಿಶಾ(ರ)ರವರು ಅನುಮತಿ ಕೊಟ್ಟ ವರದಿ ಇದೆ. ಹನಫಿ ಉಲಮಾಗಳೂ ಇದನ್ನು ಜಾಯಿಜ್ ಎಂದಿದ್ದಾರೆ. ನಿಷಿದ್ಧವಾದದ್ದು ಮೈಯ ಆಕಾರಕ್ಕೆ ಹೊಲಿದ ಉಡುಪು. ಹೊಲಿಗೆ ಕಂಡ ವಸ್ತುವೆಲ್ಲ ಅಲ್ಲ. ಬೆಲ್ಟಿನ ಜಿಪ್ ಹೊಟ್ಟೆಯ ಕಡೆಗಿರಲಿ, ಮೇಲಿನ ಬಟ್ಟೆ ಅದನ್ನು ಮುಚ್ಚಿರಲಿ. ಬೆಲ್ಟನ್ನು ಮನೆಯಲ್ಲೇ ನಾಲ್ಕು ದಿನ ಕಟ್ಟಿ ರೂಢಿ ಮಾಡಿಕೊಳ್ಳಿ.

ಇಹ್ರಾಮ್ ಬಿಚ್ಚಿದ ಮೇಲೆ ಕುರ್ತಾದ ಪಕ್ಕದ ಜೇಬು ದೊಡ್ಡ ಅಪಾಯ. ಅದು ಸಡಿಲವಾಗಿ ಜೋತಾಡುತ್ತದೆ, ಕೈ ಹೋದದ್ದು ಗೊತ್ತಾಗುವುದಿಲ್ಲ. ಹೊರಡುವ ಮೊದಲೇ ಟೈಲರ್ ಬಳಿ ಒಳಗೊಂದು ಜಿಪ್ ಜೇಬು ಹಾಕಿಸಿ. ಹೆಂಗಸರು ಹೊಲಿದ ಉಡುಪಿನಲ್ಲೇ ಇರುವುದರಿಂದ ಬುರ್ಖಾದ ಒಳಗಿನ ಜೇಬು ಅವರಿಗೆ ಸುಲಭ. ವ್ಯಾನಿಟಿ ಬ್ಯಾಗ್ ಇದ್ದರೆ ಎದೆಯ ಮುಂದಿರಲಿ. ಬಳೆ, ಸರ ಮನೆಯಲ್ಲೇ ಬಿಟ್ಟು ಹೋಗಲಿ.

ಹಣವನ್ನು ಹಂಚಿಡಿ

ಹಜ್ರತ್ ಯಾಕೂಬ್(ಅ)ರವರು ಮಕ್ಕಳನ್ನು ಈಜಿಪ್ಟಿಗೆ ಕಳಿಸುವಾಗ ಎಲ್ಲರೂ ಒಂದೇ ಬಾಗಿಲಿನಿಂದ ಹೋಗದೆ ಬೇರೆ ಬೇರೆ ಬಾಗಿಲುಗಳಿಂದ ಹೋಗಲು ಹೇಳಿದರೆಂದು ಸೂರಾ ಯೂಸುಫ್ ತಿಳಿಸುತ್ತದೆ. ಹಾಗೆ ಹೇಳಿಯೂ, ತೀರ್ಮಾನ ಅಲ್ಲಾಹನದೇ ಎಂದರು. ಹಣಕ್ಕೂ ಇದೇ ನೀತಿ. ಒಂದು ಪಾಲು ಬೆಲ್ಟಿನಲ್ಲಿ, ಒಂದು ಪಾಲು ಬೀಬಿಯ ಬಳಿ, ಉಳಿದದ್ದು ಕೋಣೆಯಲ್ಲಿ ಬೀಗ ಹಾಕಿದ ಸೂಟ್‌ಕೇಸಿನಲ್ಲಿ ಇರಲಿ.

ಗುಹೆಯ ಯುವಕರ ಕಥೆಯನ್ನೂ ನೆನೆಯಿರಿ. ಅವರು ಊಟ ತರಲು ಒಬ್ಬನನ್ನು ಬೆಳ್ಳಿ ನಾಣ್ಯ ಕೊಟ್ಟು ಪೇಟೆಗೆ ಕಳಿಸಿದರು. ಜಾಣತನದಿಂದ ನಡೆದುಕೊಳ್ಳಲು, ಗುಟ್ಟು ಬಿಡದಿರಲು ಹೇಳಿದರು. ಅಂಗಡಿಯಲ್ಲಿ ಹತ್ತು ರಿಯಾಲ್ ಕೊಡಲು ಐನೂರರ ಕಟ್ಟು ಹೊರ ತೆಗೆಯಬೇಡಿ. ಆ ದಿನದ ಖರ್ಚಿನ ಚಿಲ್ಲರೆ ಬೇರೆಯೇ ಇರಲಿ.

ಹಿಂದೆ ಹಜ್ ಸಮಿತಿಯೇ ಹೊರಡುವ ಮುನ್ನ ಪ್ರತಿಯೊಬ್ಬರಿಗೆ 2,100 ರಿಯಾಲ್ ಕೊಡುತ್ತಿತ್ತು. 2023ರಿಂದ ಯಾತ್ರಿಕರೇ ಹಣದ ಏರ್ಪಾಟು ಮಾಡಿಕೊಳ್ಳಬೇಕಾಗಿದೆ. ಎಲ್ಲವನ್ನೂ ನಗದಾಗಿ ಒಯ್ಯದೆ ಬ್ಯಾಂಕಿನ ಫಾರೆಕ್ಸ್ ಕಾರ್ಡಿನಲ್ಲಿ ಸ್ವಲ್ಪ ಹಾಕಿಸಿ. ಕಾರ್ಡು ಕಳುವಾದರೆ ಒಂದು ಫೋನಿನಲ್ಲಿ ನಿಲ್ಲಿಸಬಹುದು, ನೋಟನ್ನು ನಿಲ್ಲಿಸಲಾಗದು. ಪಿನ್ ನಂಬರನ್ನು ಕಾರ್ಡಿನ ಜೊತೆ ಬರೆದಿಡಬೇಡಿ.

ಎಲ್ಲೆಲ್ಲಿ ಎಚ್ಚರ?

ಅಪಾಯ ಊರಿನಿಂದಲೇ ಶುರು. ಹಾಜಿಯನ್ನು ಬೀಳ್ಕೊಡಲು ಬಂಧುಗಳು, ನೆರೆಯ ಹಿಂದೂ ಮಿತ್ರರು ಎಲ್ಲ ಬರುತ್ತಾರೆ. ಹಾರ ಹಾಕಿ, ಅಪ್ಪಿಕೊಂಡು, ದುಆ ಕೇಳಿ ಕೈಗೆ ಹಣ ಕೊಡುತ್ತಾರೆ. ಇದು ನಮ್ಮ ಸೀಮೆಯ ಚೆಂದ. ಆದರೆ ತಿಪಟೂರು ಸ್ಟೇಷನ್ನಿನಲ್ಲಿ, ಬೆಂಗಳೂರಿನ ಹೆಗಡೆನಗರದ ಹಜ್ ಭವನದ ಮುಂದೆ, ವಿಮಾನ ನಿಲ್ದಾಣದಲ್ಲಿ ಆ ನೂಕುನುಗ್ಗಲಿನ ನಡುವೆ ಹಾಜಿಯ ಪಾಸ್‌ಪೋರ್ಟ್, ರಿಯಾಲ್ ಅವರ ಜೇಬಿನಲ್ಲೇ ಇರುತ್ತವೆ. ಬೀಳ್ಕೊಡುಗೆ ಮುಗಿಯುವವರೆಗೆ ಮನೆಯ ಒಬ್ಬರು ಆ ಚೀಲವನ್ನು ಹಿಡಿದು ಪಕ್ಕದಲ್ಲಿ ನಿಲ್ಲಲಿ.

ಅಲ್ಲಿಗೆ ಹೋದ ಮೇಲೆ ಹೆಚ್ಚು ಎಚ್ಚರ ಬೇಕಾದ ಜಾಗಗಳು ಇವು: ಹರಮ್‌ಗೆ ಹೋಗಿಬರುವ ಬಸ್ಸಿನ ಬಾಗಿಲು, ಎಸ್ಕಲೇಟರಿನ ಬುಡ, ನಮಾಜ್ ಮುಗಿದಾಗ ಹೊರಬರುವ ದ್ವಾರಗಳು, ವುಜೂ ಮಾಡುವ ಜಾಗ, ಸಈ ಮುಗಿದ ಮೇಲಿನ ಕ್ಷೌರದಂಗಡಿಯ ಸಾಲು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಹಜರೆ ಅಸ್ವದ್‌ನ ಮೂಲೆ. ಜೇಬುಗಳ್ಳರು ಸಾಮಾನ್ಯವಾಗಿ ಒಬ್ಬರೇ ಇರುವುದಿಲ್ಲ. ಮುಂದಿನವನು ತಟ್ಟನೆ ನಿಲ್ಲುತ್ತಾನೆ, ಹಿಂದಿನವನು ತಳ್ಳುತ್ತಾನೆ, ಪಕ್ಕದವನು ಎಳೆಯುತ್ತಾನೆ, ಎಳೆದದ್ದು ಕೂಡಲೇ ನಾಲ್ಕನೆಯವನ ಕೈ ಸೇರುತ್ತದೆ. ಮೇಲೆ ಏನೋ ಚೆಲ್ಲಿತು ಎಂದು ಒರೆಸಲು ಬರುವವನು, ಕಾರಣವಿಲ್ಲದೆ ಅಪ್ಪಿಕೊಳ್ಳುವವನು, ಕೆಳಗೆ ಬಿದ್ದ ನೋಟು ತೋರಿಸುವವನು ಕಂಡರೆ ಮೊದಲು ನಿಮ್ಮ ಬೆಲ್ಟಿನ ಮೇಲೆ ಕೈ ಇಡಿ.

ಹಜರೆ ಅಸ್ವದ್‌ಗೆ ಮುತ್ತಿಡುವುದು ಸುನ್ನತ್. ಮುಸ್ಲಿಮನಿಗೆ ನೋವು ಕೊಡುವುದು ಹರಾಮ್. ಹಜ್ರತ್ ಉಮರ್(ರ)ರವರಿಗೆ ಪ್ರವಾದಿ(ಸ)ರವರು, ನೀನು ಬಲಶಾಲಿ, ಅಲ್ಲಿ ನುಗ್ಗಿ ದುರ್ಬಲರಿಗೆ ತೊಂದರೆ ಕೊಡಬೇಡ, ಜಾಗ ಸಿಗದಿದ್ದರೆ ಅದರ ಕಡೆ ಮುಖ ಮಾಡಿ ತಕ್ಬೀರ್ ಹೇಳು ಎಂಬ ಅರ್ಥದ ಉಪದೇಶ ಕೊಟ್ಟರು. ದೂರದಿಂದ ಕೈಯೆತ್ತಿ ತಕ್ಬೀರ್ ಹೇಳಿದರೆ ಸುನ್ನತ್ತೂ ಸಿಕ್ಕಿತು, ಜೇಬೂ ಉಳಿಯಿತು.

ನಮಾಜಿನಲ್ಲಿ ಚೀಲವನ್ನು ಹಿಂದೆ ಇಡದೆ, ಸಜ್ದಾದ ಜಾಗದ ಮುಂದೆ ಇಡಿ. ನಮಾಜಿನಲ್ಲಿರುವಾಗಲೇ ಯಾರಾದರೂ ಎತ್ತಿಕೊಂಡರೆ? ಒಂದು ದಿರ್ಹಮ್ ಬೆಲೆಯಷ್ಟು ಮಾಲು ಕಳುವಾಗುತ್ತಿದ್ದರೂ ನಮಾಜನ್ನು ಮುರಿಯಬಹುದು, ಅದು ಬೇರೆಯವರ ಮಾಲಾದರೂ ಸರಿ ಎಂದು ಹನಫಿ ಫಿಕ್‌ಹ್ ಹೇಳುತ್ತದೆ. ಆದರೆ ಜನಜಂಗುಳಿಯಲ್ಲಿ ಓಡಬೇಡಿ. ಕಾಲ್ತುಳಿತದ ಅಪಾಯ ಹಣಕ್ಕಿಂತ ದೊಡ್ಡದು. ಹತ್ತಿರದ ಸಿಬ್ಬಂದಿಯನ್ನು ಕರೆಯಿರಿ.

ಬೇರೆಯವರ ಅಮಾನತ್

ಹಾಜಿಯ ಜೇಬಿನಲ್ಲಿ ಅವರ ಹಣ ಮಾತ್ರ ಇರುವುದಿಲ್ಲ. ಮದೀನಾದಲ್ಲಿ ಸದಕಾ ಮಾಡಿ, ಖರ್ಜೂರ ತನ್ನಿ, ನಮ್ಮ ಅಮ್ಮನ ಹೆಸರಲ್ಲಿ ಕುರ್ಬಾನಿ ಮಾಡಿ ಎಂದು ನೆರೆಹೊರೆಯವರು ಕೊಟ್ಟದ್ದೂ ಇರುತ್ತದೆ. ಅದು ಕಳುವಾದರೆ ಯಾರು ಹೊಣೆ? ಷರೀಅತ್ತಿನ ನಿಯಮ ಸ್ಪಷ್ಟ. ಅಮಾನತನ್ನು ಕಾಯಬೇಕಾದ ರೀತಿಯಲ್ಲಿ ಕಾದಿದ್ದೂ ಕಳುವಾದರೆ ಹಾಜಿ ಭರಿಸಬೇಕಾಗಿಲ್ಲ. ಅಸಡ್ಡೆಯಿಂದ ಕಳೆದಿದ್ದರೆ ಭರಿಸಲೇಬೇಕು. ಆದ್ದರಿಂದ ಅದನ್ನು ಬೇರೆ ಲಕೋಟೆಯಲ್ಲಿ, ಹೆಸರು, ಮೊತ್ತ ಬರೆದು ಇಡಿ. ಕೊಟ್ಟವರೂ ಒಂದು ಮಾತು ತಿಳಿಯಿರಿ: ಜಾಗರೂಕನಾಗಿದ್ದ ಹಾಜಿಯ ಮೇಲೆ ಅನುಮಾನಪಟ್ಟು ಅವರ ಹಜ್ಜಿನ ಸಂತೋಷ ಕೆಡಿಸಬೇಡಿ.

ಕಳುವಾದರೆ ಏನು ಮಾಡಬೇಕು?

ಕೂಡಲೇ ನಿಮ್ಮ ತಂಡದ ಜೊತೆ ಬಂದ ಹಜ್ ಇನ್‌ಸ್ಪೆಕ್ಟರಿಗೆ (ಹಿಂದೆ ಖಾದಿಮುಲ್ ಹುಜ್ಜಾಜ್ ಎನ್ನುತ್ತಿದ್ದರು) ತಿಳಿಸಿ. ಖಾಸಗಿ ಟೂರ್‌ನಲ್ಲಿ ಹೋದವರು ತಂಡದ ಮುಖ್ಯಸ್ಥರಿಗೆ ತಿಳಿಸಿ. ಕಾರ್ಡನ್ನು, ಫೋನ್ ಹೋಗಿದ್ದರೆ ಸಿಮ್ಮನ್ನು ನಿಲ್ಲಿಸಿ. ಮಕ್ಕಾ, ಮದೀನಾದಲ್ಲಿ ತುರ್ತು ಕರೆಗೆ 911. ಪಾಸ್‌ಪೋರ್ಟ್ ಹೋದರೆ ಪೊಲೀಸ್ ದೂರು ಕೊಟ್ಟು ಜಿದ್ದಾದ ಭಾರತೀಯ ಕಾನ್ಸುಲೇಟಿನ ಮೂಲಕ ಊರಿಗೆ ಮರಳುವ ತಾತ್ಕಾಲಿಕ ಪ್ರಮಾಣಪತ್ರ ಪಡೆಯಬಹುದು. 2024ರಿಂದ ಹಾಜಿಗಳಿಗೆ ಕಡ್ಡಾಯವಾಗಿರುವ ನುಸುಕ್ ಕಾರ್ಡ್ ಕಳೆದರೂ ತಡಮಾಡದೆ ಹೇಳಿ. ಅದಿಲ್ಲದೆ ಮಿನಾ, ಅರಫಾತ್‌ಗೆ ಪ್ರವೇಶ ಕಷ್ಟ.

ಹಣ ಹೋಯಿತೆಂದು ಹಜ್ ಕೆಡುವುದಿಲ್ಲ. ತಮತ್ತುಅ್ ಹಜ್ ಮಾಡುವವರ ಕುರ್ಬಾನಿಯ ಹಣವೇ ಹೋಗಿ ಬೇರೆ ದಾರಿಯಿಲ್ಲದಿದ್ದರೆ ಕುರ್‌ಆನ್ ಹತ್ತು ರೋಜಾಗಳ ಅವಕಾಶ ಕೊಟ್ಟಿದೆ: ಮೂರು ಹಜ್ಜಿನ ದಿನಗಳಲ್ಲಿ, ಏಳು ಮರಳಿದ ಮೇಲೆ. ಯಾವ ದಿನಗಳಲ್ಲಿ ಎಂಬುದನ್ನು ತಂಡದ ಆಲಿಮರಲ್ಲಿ ಕೇಳಿ.

ಕೆಲವರು ಕಳೆದುಕೊಂಡದ್ದನ್ನು ನಾಚಿಕೆಯಿಂದ ಯಾರಿಗೂ ಹೇಳದೆ ಅರೆಹೊಟ್ಟೆಯಲ್ಲಿ ದಿನ ಕಳೆಯುತ್ತಾರೆ. ಹಾಗೆ ಮಾಡಬೇಡಿ. ಜಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ಇಬ್ನುಸ್ಸಬೀಲ್, ಅಂದರೆ ದಾರಿಯಲ್ಲಿ ಕೈ ಬರಿದಾದ ಪ್ರಯಾಣಿಕನೂ ಒಬ್ಬ. ಊರಿನಲ್ಲಿ ಹತ್ತು ಎಕರೆ ತೋಟವಿದ್ದರೂ ಆ ಹೊತ್ತಿಗೆ ಅವನು ಹಕ್ಕುದಾರ. ಸಾಲ ಸಿಕ್ಕರೆ ಅದು ಇನ್ನೂ ಒಳ್ಳೆಯದು. ಜೊತೆಯ ಹಾಜಿಗಳೂ ಕೇಳುವವರೆಗೆ ಕಾಯದೆ ವಿಚಾರಿಸಲಿ. ಆದರೆ ಕೋಣೆಯ ಸಂಗಾತಿಯ ಮೇಲೆ ಸಾಕ್ಷಿಯಿಲ್ಲದೆ ಬೆರಳು ತೋರಬೇಡಿ. ಹಣ ಕಳೆದದ್ದು ಲೋಕದ ನಷ್ಟ, ನಿರಪರಾಧಿಯ ಮೇಲೆ ಆರೋಪ ಹೊರಿಸಿದ್ದು ಆಖಿರತ್ತಿನ ನಷ್ಟ.

ಮನೆಯ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇವೆ. ಅಪ್ಪ ಅಮ್ಮ ಹೊರಡುವ ವಾರ ಮೊದಲೇ ಪಾಸ್‌ಪೋರ್ಟ್, ವೀಸಾ, ಕಾರ್ಡುಗಳ ಜೆರಾಕ್ಸ್ ತೆಗೆದು ಒಂದು ಪ್ರತಿ ಸೂಟ್‌ಕೇಸಿನಲ್ಲಿ, ಒಂದು ಮನೆಯಲ್ಲಿ ಇಡಿ. ಫೋಟೋ ತೆಗೆದು ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ. ಬ್ಯಾಂಕಿನ, ತಂಡದ ಮುಖ್ಯಸ್ಥರ, ಮನೆಯ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದುಕೊಡಿ. ಫೋನೇ ಕಳುವಾದ ದಿನ ಆ ಕಾಗದವೇ ಗತಿ. ದುಬೈಗೋ ಮಸ್ಕತ್ತಿಗೋ ಮಕ್ಕಳನ್ನು ನೋಡಲು ಹೋಗುವವರಿಗೂ ಇದೇ ಮಾತು.

ಅಲ್ಲಾಹನು ನಮ್ಮ ಹಾಜಿಗಳ ಜೀವ, ಮಾಲು, ಈಮಾನ್ ಮೂರನ್ನೂ ಕಾಪಾಡಲಿ. ಅವರ ಹಜ್ಜನ್ನು ಮಬ್ರೂರ್ ಮಾಡಿ ಕ್ಷೇಮವಾಗಿ ಮನೆಗೆ ತಲುಪಿಸಲಿ. ಕದಿಯುವ ಕೈಗಳಿಗೆ ತೌಬಾದ ಭಾಗ್ಯವನ್ನೂ ಕೊಡಲಿ. ಆಮೀನ್.