ಅಟ್ಟದ ಮೇಲಿದ್ದ ಕಂಪ್ಯೂಟರ್ ಮತ್ತೆ ಮಾತಾಡಿತು: ಎಫ್‌ಪಿಜಿಎ ಅಂದ್ರೆ ಏನು ಗೊತ್ತಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡಿದ್ರೆ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ. ಒಂದು ಸದ್ದು ಕೇಳಿಸ್ತೀನಿ.

[ಕೀರಲು ಸದ್ದು, ಐದು ಸೆಕೆಂಡ್]

ಇದು ಕೆಟ್ಟುಹೋದ ರೇಡಿಯೊ ಅಲ್ಲ. ಒಂದು ಕಂಪ್ಯೂಟರ್ ಪ್ರೋಗ್ರಾಮ್. 1988ರಲ್ಲಿ ರಾಮನಗರದ ಒಂದು ಮನೆಯಲ್ಲಿ, ಟಿವಿ ಮುಂದೆ ಕೂತು ನನ್ನ ಸೋದರಮಾವ ಬರೆದದ್ದು. ಪೆನ್‌ಡ್ರೈವ್ ಇಲ್ಲದ ಕಾಲ. ಹಾಗಾಗಿ ಹಾಡು ಕೇಳೋ ಮಾಮೂಲಿ ಕ್ಯಾಸೆಟ್‌ನಲ್ಲೇ ಉಳಿಸಿಟ್ಟಿದ್ರು.

ಮಾವ ಆಗ ಸಣ್ಣದೊಂದು ರೀಲಿಂಗ್ ಘಟಕ ನಡೆಸ್ತಿದ್ರು. ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ರೇಷ್ಮೆ ಗೂಡು ಕೊಳ್ಳೋದು, ಬೇಯಿಸಿ ನೂಲು ಬಿಚ್ಚೋದು. ಆ ಕಸುಬಿನಲ್ಲಿ ರೆಂಡಿಟ್ಟಾ ಅಂತ ಒಂದು ಲೆಕ್ಕ ಇದೆ. 1 ಕೆ.ಜಿ. ನೂಲು ತೆಗೆಯೋಕೆ ಎಷ್ಟು ಕೆ.ಜಿ. ಗೂಡು ಬೇಕು ಅನ್ನೋದು. 8 ಕೆ.ಜಿ. ಬೇಕಾದ್ರೆ ರೆಂಡಿಟ್ಟಾ 8. ಇದು ಸ್ವಲ್ಪ ಏರಿದ್ರೂ ಲಾಭ ಹೋಯ್ತು. ಆ ಲೆಕ್ಕ ಮಾಡೋಕೆ ಮಾವ ಪ್ರೋಗ್ರಾಮ್ ಬರೆದಿದ್ರು. ಕ್ಯಾಸೆಟ್ ಮೇಲೆ ನೀಲಿ ಇಂಕಿನಲ್ಲಿ ‘ಗೂಡು ಲೆಕ್ಕ’ ಅಂತ ಇನ್ನೂ ಕಾಣುತ್ತೆ.

ಕಂಪ್ಯೂಟರ್ ಮಾತ್ರ 30 ವರ್ಷಕ್ಕೂ ಹೆಚ್ಚು ಅಟ್ಟದ ಮೇಲಿತ್ತು. ಇಲಿ ವೈರ್ ಕಡಿದಿತ್ತು, ಕೀಬೋರ್ಡ್ ಒಳಗಿನ ಪ್ಲಾಸ್ಟಿಕ್ ಹಾಳೆ ಮುಟ್ಟಿದ್ರೆ ಪುಡಿಯಾಗ್ತಿತ್ತು. “ಸತ್ತೋದ್ ಮಷಿನ್ನು ಮಗ, ಗುಜರಿಗೆ ಹಾಕ್ಬುಡು” ಅಂದ್ರು ಮಾವ. “ಒಂದ್ಸಲ ನೋಡ್ತೀನಿ ಮಾವ, ಇರ್ಲಿ” ಅಂದೆ.

ಇವತ್ತಿನ ಸಂಚಿಕೆ ಆ ಒಂದ್ಸಲ ನೋಡಿದ್ದರ ಕಥೆ. ಜೊತೆಗೆ ಎಫ್‌ಪಿಜಿಎ ಅನ್ನೋ ಚಿಪ್‌ನ ಕಥೆ.

ಟಿವಿಗೆ ಸಿಕ್ಕಿಸೋ ಕಂಪ್ಯೂಟರ್

80ರ ದಶಕದ ಹೋಮ್ ಕಂಪ್ಯೂಟರ್ ಅಂದ್ರೆ ದಪ್ಪ ಕೀಬೋರ್ಡ್ ಅಷ್ಟೇ. ಟಿವಿಯ ಆಂಟೆನಾ ಕಿಂಡಿಗೆ ಸಿಕ್ಕಿಸಬೇಕು. ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರಲ್ಲಿ ತಂದ ‘ಝಡ್‌ಎಕ್ಸ್ ಸ್ಪೆಕ್ಟ್ರಮ್’ ಈ ಜಾತಿಯಲ್ಲಿ ಬಹಳ ಹೆಸರು ಮಾಡಿದ್ದು. ದೊಡ್ಡ ಮಾಡೆಲ್‌ನ ಮೆಮೊರಿ 48 ಕೆಬಿ. ವಾಟ್ಸ್‌ಆ್ಯಪ್‌ನಲ್ಲಿ ಬರೋ ಗುಡ್ ಮಾರ್ನಿಂಗ್ ಫೋಟೊ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಿರುತ್ತೆ!

ನಮ್ಮ ದೇಶಕ್ಕೂ ಇವು ಬಂದಿದ್ವು. ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಅನ್ನೋ ಕಂಪನಿ ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಹೆಸರಲ್ಲಿ ಮಾರ್ತಿತ್ತು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಅನ್ನೋ ಯೋಜನೆ ಶುರು ಮಾಡಿ ಶಾಲೆಗಳಿಗೆ ‘ಬಿಬಿಸಿ ಮೈಕ್ರೊ’ ಕೊಟ್ಟಿತು. ನಿಮ್ಮ ಅಪ್ಪ-ಅಮ್ಮನ ವಯಸ್ಸಿನ ಕೆಲವರು ಮೊದಲು ಮುಟ್ಟಿದ ಕಂಪ್ಯೂಟರ್ ಅದೇ ಇರಬಹುದು, ಕೇಳಿ ನೋಡಿ.

ಈಗ ತೊಂದರೆ ಏನಂದ್ರೆ, ಆ ಮಷಿನ್‌ಗಳು ಒಂದೊಂದಾಗಿ ಸಾಯ್ತಿವೆ. ಸ್ಪೆಕ್ಟ್ರಮ್‌ನ ಮಿದುಳು ‘ಝಡ್80’ ಅನ್ನೋ ಚಿಪ್. 1976ರಿಂದ ತಯಾರಾಗ್ತಿತ್ತು. ಆ ಹಳೇ ಮಾದರಿಯ ಬಿಡಿ ಚಿಪ್ ಇನ್ನು ಮಾಡಲ್ಲ, ಕೊನೇ ಆರ್ಡರ್ ಕೊಡಿ ಅಂತ ಜೈಲಾಗ್ ಕಂಪನಿ 2024ರ ಏಪ್ರಿಲ್‌ನಲ್ಲಿ ಹೇಳಿಬಿಟ್ಟಿತು. ಅದರ ಪಕ್ಕದಲ್ಲಿ ಕೂತು ಟಿವಿಗೆ ಚಿತ್ರ ಕಳಿಸ್ತಿದ್ದ ‘ಯುಎಲ್‌ಎ’ ಅನ್ನೋ ಚಿಪ್ ಆ ಕಂಪ್ಯೂಟರ್‌ಗಂತಲೇ ಮಾಡಿಸಿದ್ದು. ಅದು ನಿಂತು ಎಷ್ಟೋ ಕಾಲವಾಯ್ತು.

ಹಾಗಾದ್ರೆ ಹೊಸದಾಗಿ ಕಟ್ಟೋದು ಹೇಗೆ?

ಏಕಪಾತ್ರಾಭಿನಯವೋ, ಕುರುಕ್ಷೇತ್ರ ನಾಟಕವೋ?

ಮೊದಲ ದಾರಿ ಎಮ್ಯುಲೇಟರ್. ನಿಮ್ಮ ಫೋನ್‌ನಲ್ಲಿ ಹಳೇ ವಿಡಿಯೊ ಗೇಮ್ ಆಡಿದ್ರೆ ಅದನ್ನ ಬಳಸಿರ್ತೀರಿ. ಅದು ಸ್ಕೂಲ್ ಡೇನಲ್ಲಿ ಮಾಡೋ ಏಕಪಾತ್ರಾಭಿನಯ ಇದ್ದಂಗೆ. ಒಬ್ಬನೇ ಹುಡುಗ ದುರ್ಯೋಧನ ಆಗ್ತಾನೆ, ತಕ್ಷಣ ತಿರುಗಿ ಭೀಮ ಆಗ್ತಾನೆ, ಮತ್ತೆ ಕೃಷ್ಣ ಆಗ್ತಾನೆ. ಫೋನ್‌ನ ಪ್ರೊಸೆಸರ್ ಒಂದು ಕ್ಷಣ ಝಡ್80 ಆಗಿ ನಟಿಸುತ್ತೆ, ಮರುಕ್ಷಣ ಯುಎಲ್‌ಎ ಆಗಿ. ಬಹಳ ಸ್ಪೀಡಾಗಿ ಮಾಡೋದ್ರಿಂದ ನಮಗೆ ಗೊತ್ತಾಗಲ್ಲ.

ಎರಡನೇ ದಾರಿ ಎಫ್‌ಪಿಜಿಎ. ನಮ್ಮ ಕಡೆ ಊರಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಆಡಿಸ್ತಾರಲ್ಲ, ಅದನ್ನ ನೆನೆಸ್ಕೊಳ್ಳಿ. ದುರ್ಯೋಧನನಿಗೆ ಒಬ್ಬರು, ಭೀಮನಿಗೆ ಒಬ್ಬರು, ಎಲ್ಲರೂ ಏಕಕಾಲಕ್ಕೆ ಸ್ಟೇಜ್ ಮೇಲೆ. ಎಲ್ಲರನ್ನೂ ತಾಳಕ್ಕೆ ಕಟ್ಟಿ ಹಾಕೋರು ಹಾರ್ಮೋನಿಯಂ ಮೇಷ್ಟ್ರು. ಎಫ್‌ಪಿಜಿಎ ಒಳಗೆ ಝಡ್80ಗೆ ಒಂದು ಜಾಗ, ಯುಎಲ್‌ಎಗೆ ಇನ್ನೊಂದು ಜಾಗ, ಎರಡೂ ಒಟ್ಟಿಗೆ ಕೆಲಸ ಮಾಡ್ತವೆ. ಹಾರ್ಮೋನಿಯಂ ಮೇಷ್ಟ್ರ ಜಾಗದಲ್ಲಿ ಕ್ಲಾಕ್. ಸ್ಪೆಕ್ಟ್ರಮ್‌ನಲ್ಲಿ ಝಡ್80ಗೆ ಸೆಕೆಂಡಿಗೆ ಸುಮಾರು 35 ಲಕ್ಷ ತಾಳ.

ನಾಟಕ ಮುಗಿದ ಮೇಲೆ ಅದೇ ಸ್ಟೇಜ್, ಅದೇ ಸೀನರಿ ಇನ್ನೊಂದು ನಾಟಕಕ್ಕೆ ಆಗುತ್ತೆ. ಹಾಗೇ ಇವತ್ತು ಸ್ಪೆಕ್ಟ್ರಮ್ ಆಗಿದ್ದ ಬೋರ್ಡ್ ನಾಳೆ ಬಿಬಿಸಿ ಮೈಕ್ರೊ ಆಗಬಹುದು.

ಒಂದೇ ಚಿಪ್ ಹೀಗೆ ಬೇರೆ ಬೇರೆ ಆಗೋದು ಹೇಗೆ? ಅದರೊಳಗೆ ಸಾವಿರಾರು ಪುಟ್ಟ ಪುಟ್ಟ ಪಟ್ಟಿಗಳಿವೆ. ತೋಟದ ಪಂಪ್‌ಸೆಟ್ ಉದಾಹರಣೆ ತಗೊಳ್ಳಿ. ಕರೆಂಟ್ ಇದೆಯಾ? ಬೋರ್‌ನಲ್ಲಿ ನೀರಿದೆಯಾ? ತೊಟ್ಟಿ ತುಂಬಿದೆಯಾ? ರಾತ್ರಿಯಾ? ನಾಲ್ಕು ಪ್ರಶ್ನೆ, ಹೌದು ಅಥವಾ ಇಲ್ಲ. ಒಟ್ಟು 16 ಸಂದರ್ಭ. ಪ್ರತಿಯೊಂದಕ್ಕೂ ಮೋಟಾರ್ ಆನ್ ಮಾಡ್ಬೇಕಾ ಬೇಡ್ವಾ ಅಂತ ಪಟ್ಟಿ ಬರೆದಿಟ್ರೆ ಅಲ್ಲಿಗೆ ಒಂದು ನಿಯಮ ತಯಾರಾಯ್ತು. ಇಂಥ ಪಟ್ಟಿಗಳನ್ನ ನಿಮಗೆ ಬೇಕಾದಂಗೆ ತುಂಬಿ, ಒಂದಕ್ಕೊಂದು ವೈರ್ ಜೋಡಿಸಿದ್ರೆ ಕಂಪ್ಯೂಟರ್ ರೆಡಿ. ಜೋಡಿಸೋಕೆ ಬೆಸುಗೆ ಬೇಡ. ವೆರಿಲಾಗ್ ಅಥವಾ ವಿಎಚ್‌ಡಿಎಲ್ ಅನ್ನೋ ಭಾಷೆಯಲ್ಲಿ ಬರೆದ್ರೆ ಸಾಕು.

ಈ ಬಗೆಯ ಚಿಪ್ ಅನ್ನ ಜೈಲಿಂಕ್ಸ್ ಕಂಪನಿ 1985ರಲ್ಲಿ ಮಾರುಕಟ್ಟೆಗೆ ತಂದಾಗ ಅದರಲ್ಲಿ ಇದ್ದದ್ದು 64 ಬ್ಲಾಕ್. ಈಗ ರೆಟ್ರೊ ಕಂಪ್ಯೂಟರ್ ಪ್ರಿಯರು ಹೆಚ್ಚು ಬಳಸೋ ‘ಡಿಇ10-ನ್ಯಾನೊ’ ಬೋರ್ಡ್‌ನಲ್ಲಿ ಅಂಥ ಘಟಕಗಳು ಸುಮಾರು 1,10,000.

ಬರೆದವರು ಯಾರು?

ಸ್ಟೇಜ್ ಸಿಕ್ಕಿತು, ಸರಿ. ನಾಟಕದ ಮಾತು ಗೊತ್ತಿರಬೇಕಲ್ಲ?

ಯುಎಲ್‌ಎ ಒಳಗೆ ಏನಿದೆ ಅಂತ ಜನಕ್ಕೆ ಗೊತ್ತಿರಲಿಲ್ಲ. ಕ್ರಿಸ್ ಸ್ಮಿತ್ ಅನ್ನೋರು ಆ ಚಿಪ್ ಅನ್ನ ಒಳಗಿನವರೆಗೂ ಪರೀಕ್ಷಿಸಿ, ಅದು ಹೇಗೆ ಕೆಲಸ ಮಾಡುತ್ತೆ ಅಂತ 2010ರಲ್ಲಿ ಪುಸ್ತಕವನ್ನೇ ಬರೆದ್ರು. ಬಿಬಿಸಿ ಮೈಕ್ರೊದ 6502 ಚಿಪ್‌ಗೂ ಅದೇ ವರ್ಷ ಇಂಥದ್ದೇ ಕೆಲಸ ಆಯ್ತು. ಮೇಲಿನ ಹೊದಿಕೆ ತೆಗೆದು, ಫೋಟೊ ಹೊಡೆದು, ಸುಮಾರು 3,500 ಟ್ರಾನ್ಸಿಸ್ಟರ್‌ಗಳ ನಕ್ಷೆ ಮಾಡಿದ್ರು. ಆಮೇಲೆ 2017ರಲ್ಲಿ ಅಲೆಕ್ಸಿ ಮೆಲ್ನಿಕೋವ್ ಶುರು ಮಾಡಿದ ‘ಮಿಸ್ಟರ್’ ಯೋಜನೆ, ಇಂಥ ಹತ್ತಾರು ಹಳೇ ಕಂಪ್ಯೂಟರ್‌ಗಳನ್ನ ಒಂದೇ ಬೋರ್ಡ್ ಮೇಲೆ ತಂದಿತು. ಅದರ ಕೋಡ್ ಎಲ್ಲರಿಗೂ ಉಚಿತ.

ಸಣ್ಣ ವಿಷಯಕ್ಕೂ ಎಷ್ಟು ಪಾಡು ನೋಡಿ. ಸ್ಪೆಕ್ಟ್ರಮ್‌ನಲ್ಲಿ ಮೆಮೊರಿಯ ಒಂದು ಭಾಗ ಝಡ್80ಗೂ ಬೇಕು, ಯುಎಲ್‌ಎಗೂ ಬೇಕು. ಸ್ಟೇಜ್ ಮೇಲೆ ಒಂದೇ ಮೈಕು, ಇಬ್ಬರು ನಟರು. ಟಿವಿ ಚಿತ್ರ ನಿಲ್ಲಬಾರದಲ್ಲ, ಹಾಗಾಗಿ ಯುಎಲ್‌ಎಗೆ ಮೊದಲ ಅವಕಾಶ. ಝಡ್80 ಕೆಲವು ತಾಳ ಕಾಯ್ಬೇಕು. ಆ ಕಾಯೋದನ್ನ ಲೆಕ್ಕ ಹಾಕಿಯೇ ಅಂದಿನವರು ಗೇಮ್ ಬರೆದಿದ್ರು. ಹೊಸ ಮಷಿನ್ ಕಾಯದಿದ್ರೆ ಬಣ್ಣಗಳು ತಪ್ಪು ಜಾಗದಲ್ಲಿ ಬೀಳ್ತವೆ. ಅಂದ್ರೆ ಎಫ್‌ಪಿಜಿಎ ಅಂದಮಾತ್ರಕ್ಕೆ ಎಲ್ಲ ಸರಿ ಇರಲ್ಲ. ಬರೆದವರು ಎಷ್ಟು ಸರಿಯಾಗಿ ಬರೆದಿದ್ದಾರೋ ಅಷ್ಟೇ ಸರಿ.

ಕನಕಪುರದ ಬೋರ್ಡ್, ಮಾಗಡಿಯ ಸ್ಕ್ರೂ ಡ್ರೈವರ್

ಕನಕಪುರದಲ್ಲಿರೋ ನನ್ನ ಗೆಳೆಯನ ಹತ್ರ ಮಿಸ್ಟರ್ ಬೋರ್ಡ್ ಇತ್ತು. ಸ್ಪೆಕ್ಟ್ರಮ್ ಕೋರ್ ಹಾಕಿದ್ವಿ. ಕ್ಯಾಸೆಟ್ ಸದ್ದನ್ನ ನೇರವಾಗಿ ವೈರ್‌ನಲ್ಲಿ ಕೊಡೋ ಅವಕಾಶ ಅದರಲ್ಲಿದೆ. ಹಳೇ ಟೇಪ್ ರೆಕಾರ್ಡರ್ ಜೋಡಿಸಿ ಪ್ಲೇ ಒತ್ತಿದ್ವಿ.

ನೀವು ಆಗ ಕೇಳಿದ ಕೀರಲು ಸದ್ದಿನಲ್ಲಿ ಇರೋದು ಸೊನ್ನೆ ಮತ್ತು ಒಂದು. ಸೊನ್ನೆಗೆ 855 ತಾಳದಷ್ಟು ಉದ್ದದ ಎರಡು ಮಿಡಿತ, ಒಂದಕ್ಕೆ 1,710 ತಾಳದ ಎರಡು ಮಿಡಿತ. ಕಂಪ್ಯೂಟರ್ ಸುಮ್ಮನೆ ಅಳೀತಾ ಹೋಗುತ್ತೆ, ಗಿಡ್ಡನಾ ಉದ್ದನಾ ಅಂತ. ಸ್ಕ್ರೀನ್ ಅಂಚಿನಲ್ಲಿ ಕೆಂಪು ಪಟ್ಟಿ ಬಂತು, ನೀಲಿ-ಹಳದಿ ಪಟ್ಟಿ ಬಂತು. ಆಮೇಲೆ ‘ಟೇಪ್ ಲೋಡಿಂಗ್ ಎರರ್’. ನಾಲ್ಕು ಸಲ ಹೀಗೇ.

ಮಾಗಡಿಯಲ್ಲಿ ಹಳೇ ಟೇಪ್ ರೆಕಾರ್ಡರ್ ರಿಪೇರಿ ಮಾಡೋರೊಬ್ಬರಿದ್ದಾರೆ. ಅವರು ಸದ್ದು ಕೇಳಿದ ಕೂಡಲೇ “ಹೆಡ್ ವಾರೆಯಾಗದೆ ಕಣಪ್ಪ” ಅಂದ್ರು. ಹೆಡ್ ಪಕ್ಕದ ಸಣ್ಣ ಸ್ಕ್ರೂ ಕಾಲು ಸುತ್ತು ತಿರುಗಿಸಿದ್ರು. ಮಂಕಾಗಿದ್ದ ಸದ್ದು ಚೂಪಾಯ್ತು. ಬೆಲ್ಟೂ ಬದಲಾಯಿಸಿ ಕೊಟ್ರು.

ಈ ಸಲ ಮಾವನ್ನೂ ಕನಕಪುರಕ್ಕೆ ಕರ್ಕೊಂಡು ಹೋದೆ. ಲೋಡ್ ಆಯ್ತು.

ಸ್ಕ್ರೀನ್ ಮೇಲೆ ಮೊದಲು ಬಂದದ್ದು ಎರಡು ಅಕ್ಷರ. ‘ಗೂಡು’. ಕನ್ನಡದಲ್ಲಿ!

ಆ ಕಂಪ್ಯೂಟರ್‌ನಲ್ಲಿ ಕನ್ನಡ ಇರಲಿಲ್ಲ. ಆದ್ರೆ ಬಳಸೋರು ತಾವೇ ಚಿತ್ರಿಸಿಕೊಳ್ಳೋಕೆ 21 ಖಾಲಿ ಚೌಕ ಬಿಟ್ಟಿದ್ರು. ಒಂದೊಂದರಲ್ಲಿ 8 ಸಾಲು, ಸಾಲಿಗೆ 8 ಚುಕ್ಕಿ. ಒಂದು ಚೌಕಕ್ಕೆ 8 ಸಂಖ್ಯೆ. ಮಾವ ಗಣಿತದ ಚೌಕಳಿ ಹಾಳೆ ಮೇಲೆ ಅಕ್ಷರ ಬರೆದು, ಚುಕ್ಕಿ ಎಣಿಸಿ, ನಾಲ್ಕು ಚೌಕಕ್ಕೆ 32 ಸಂಖ್ಯೆ ಟೈಪ್ ಮಾಡಿದ್ರು. ‘ಡು’ ಸ್ವಲ್ಪ ಸೊಟ್ಟಗಿತ್ತು. ಮಾವ ಕನ್ನಡಕ ತೆಗೆದು ಒರೆಸ್ಕೊಂಡ್ರು. “ಆ ಡು ಆವತ್ತೂ ಸರಿಗ್ ಬಂದಿರ್ಲಿಲ್ಲ ಮಗ” ಅಂದ್ರು.

ಆಮೇಲೆ ಕ್ಯಾಸೆಟ್‌ನ ಬಿ ಸೈಡ್ ಹಾಕಿದ್ವಿ. ಅದರಲ್ಲಿ ಮೂರು ವರ್ಷದ ಗೂಡಿನ ಧಾರಣೆ, ದಿನದಿನದ್ದು ಇತ್ತಂತೆ. ಬಂದದ್ದು ಸಿನಿಮಾ ಹಾಡು. ಯಾವಾಗಲೋ ಮನೇಲಿ ಯಾರೋ ಮೇಲೆ ರೆಕಾರ್ಡ್ ಮಾಡಿಬಿಟ್ಟಿದ್ರು.

ನಿಮ್ಮ ಅಟ್ಟದ ಮೇಲೆ ಏನಿದೆ?

ಸತ್ಯ ಹೇಳ್ಬೇಕಂದ್ರೆ, ಆ ಕ್ಯಾಸೆಟ್ ಅನ್ನ ಫೋನ್‌ನ ಎಮ್ಯುಲೇಟರ್‌ನಲ್ಲೂ ಓದಿಸಬಹುದಿತ್ತು. ಎಫ್‌ಪಿಜಿಎಯಿಂದ ನನಗೆ ಅರ್ಥವಾದದ್ದು ಬೇರೆ. ಮಷಿನ್ ಉಳಿಯೋದು ಡಬ್ಬ ಉಳಿಯೋದ್ರಿಂದ ಅಲ್ಲ. ಅದು ಹೇಗೆ ಕೆಲಸ ಮಾಡ್ತಿತ್ತು ಅಂತ ಯಾರೋ ಕೂತು ಬರೆದಿಡೋದ್ರಿಂದ. ಸ್ಪೆಕ್ಟ್ರಮ್ ಅನ್ನ ಜಗತ್ತಿನಲ್ಲಿ ಯಾರೋ ಬರೆದಿಟ್ರು, ಅದು ಉಳೀತು. ಇಂದಿನ ಬೋರ್ಡ್ ಕೆಟ್ಟರೆ ನಾಳಿನ ಬೋರ್ಡ್ ಮೇಲೆ ಬರುತ್ತೆ. ಆದ್ರೆ ರಾಮನಗರದ ಗೂಡಿನ ಲೆಕ್ಕವನ್ನ ಬೇರೆ ದೇಶದವರು ಬರೆದಿಡಲ್ಲ. ಅದರ ಪ್ರತಿ ಇದ್ದದ್ದು ಒಂದೇ. ಅರ್ಧ ಉಳೀತು, ಅರ್ಧ ಹೋಯ್ತು.

ಹಾಗಾಗಿ ಒಂದು ಕೆಲಸ ಮಾಡಿ. ಮನೇಲಿ ಹಳೇ ಕ್ಯಾಸೆಟ್, ಫ್ಲಾಪಿ ಇದ್ರೆ ಎಸೀಬೇಡಿ. ಮೇಲಿನ ಬರಹದ ಫೋಟೊ ತೆಗೀರಿ. ಕ್ಯಾಸೆಟ್ ಅಂಚಿನ ಪುಟ್ಟ ಪ್ಲಾಸ್ಟಿಕ್ ತುಂಡು ಮುರಿದ್ರೆ ಅದರ ಮೇಲೆ ಸುಲಭಕ್ಕೆ ರೆಕಾರ್ಡ್ ಆಗಲ್ಲ. ಟೇಪ್ ಮೇಲೆ ಬಿಳಿ ಬೂಷ್ಟು ಕಂಡ್ರೆ ಪ್ಲೇ ಮಾಡಬೇಡಿ, ಮೊದಲು ತಿಳಿದವರಿಗೆ ತೋರಿಸಿ. ರೆಕಾರ್ಡ್ ಮಾಡುವಾಗ ಮೈಕ್ ಹಿಡೀಬೇಡಿ, ವೈರ್ ಹಾಕಿ. ಎಂಪಿ3 ಬೇಡ, ವೇವ್ ಫೈಲ್ ಮಾಡಿ. ಎಂಪಿ3 ಫೈಲ್ ಚಿಕ್ಕದಾಗೋಕೆ ಸದ್ದಿನ ಕೆಲವು ಅಂಶ ಬಿಟ್ಟುಬಿಡುತ್ತೆ.

ಎಫ್‌ಪಿಜಿಎ ಕಲೀಬೇಕು ಅನ್ನೋರಿಗೆ ದುಬಾರಿ ಬೋರ್ಡೇ ಬೇಕಂತಿಲ್ಲ. ‘ಟ್ಯಾಂಗ್ ನ್ಯಾನೊ’ ಥರದ ಚಿಕ್ಕ ಬೋರ್ಡ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತೆ. ಮೊದಲು ಒಂದು ಎಲ್‌ಇಡಿ ಮಿನುಗಿಸಿ. ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ಬಳಸೋದೂ ಇದೇ ವೆರಿಲಾಗ್.

ಹಾಂ, ಇನ್ನೊಂದು. ಮಾವನ ಮಷಿನ್ ಗುಜರಿಗೆ ಹೋಗಲಿಲ್ಲ. ಚನ್ನಪಟ್ಟಣದಲ್ಲಿ ಗೊಂಬೆ ಮಾಡೋ ಪರಿಚಯದವರೊಬ್ಬರ ಹತ್ರ ಆಲೆ ಮರದಲ್ಲಿ ಕಡೆಸಿ, ಅರಗಿನ ಬಣ್ಣ ಹಾಕಿಸಿದ ಜಾಯ್‌ಸ್ಟಿಕ್ ಹಿಡಿ ತಂದೆ. ಹೊಸ ಬೋರ್ಡಿಗೆ ಅಂತ ತಂದದ್ದು. ಮಾವ ಅದನ್ನ ಹಳೇ ಮಷಿನ್ ಪಕ್ಕದಲ್ಲೇ ಇಟ್ಕೊಂಡಿದ್ದಾರೆ.

ಈಗ ಅವರು ‘ಡು’ ಸರಿ ಮಾಡ್ತಿದ್ದಾರೆ. ಎಂಟು ಸಂಖ್ಯೆ ಬದಲಾಯಿಸಿದ್ರೆ ಸಾಕಂತೆ.

ನಿಮ್ಮ ಮನೆಯ ಅಟ್ಟದ ಮೇಲೆ ಏನಾದ್ರೂ ಸಿಕ್ಕಿದ್ರೆ ನಮಗೂ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.