ಸೈಕಲ್ ಅಂಗಡಿಯಲ್ಲಿ ಸಿಗುವ ನಕ್ಷತ್ರ

ಶನಿಗ್ರಹದ ಬಳೆ ತೋರಿಸುತ್ತೇನೆಂದು ಮನೆಮಂದಿಯನ್ನೆಲ್ಲ ತಾರಸಿಗೆ ಹತ್ತಿಸಿ, ಅವರು ಒಬ್ಬೊಬ್ಬರಾಗಿ ಬಗ್ಗಿ ನೋಡಿ, "ಏನೋ ಬೆಳ್ಳಗೆ ಕಾಣುತ್ತಪ್ಪ" ಎಂದು ಇಳಿದು ಹೋದ ಮೇಲೆ ಒಬ್ಬನೇ ನಿಂತ ರಾತ್ರಿ ನನ್ನ ಪಾಲಿಗೂ ಬಂದಿದೆ. ಆವತ್ತು ಕನ್ನಡಿಯನ್ನು ಮನಸಾರೆ ಬೈದುಕೊಂಡೆ. ಪಾಪ, ಕನ್ನಡಿ ಚೆನ್ನಾಗಿಯೇ ಇತ್ತು. ಕೂತದ್ದು ಮಾತ್ರ ಸೊಟ್ಟಗೆ.

ನ್ಯೂಟನ್ ಮಾದರಿಯ ಟೆಲಿಸ್ಕೋಪಿನಲ್ಲಿ ಕನ್ನಡಿಗಳು ಎರಡು. ಕೊಳವೆಯ ತಳದಲ್ಲಿ ನಡು ತಗ್ಗಾದ ದೊಡ್ಡದು, ಬಾಯಿಯ ಹತ್ತಿರ ಓರೆಯಾಗಿ ನಿಂತ ಚಿಕ್ಕದು. ಇವನ್ನು ಸ್ಕ್ರೂಗಳು ಹಿಡಿದಿರುತ್ತವೆ. ಕಾರಿನ ಡಿಕ್ಕಿಯಲ್ಲಿಟ್ಟು ಗುಂಡಿಬಿದ್ದ ರಸ್ತೆಯಲ್ಲಿ ಒಂದು ಸಲ ಹೋಗಿಬಂದರೆ ಸಾಕು, ಎರಡೂ ಮುಖ ತಿರುಗಿಸಿಕೊಳ್ಳುತ್ತವೆ. ಮತ್ತೆ ಹೊಂದಿಸುವ ಕೆಲಸಕ್ಕೆ ಹವ್ಯಾಸಿಗಳಲ್ಲಿ ಕಾಲಿಮೇಷನ್ ಎಂಬ ಹೆಸರಿದೆ. ಅದು ಸರಿಯಾಯಿತೇ ಎಂದು ಹೇಳಬೇಕಾದದ್ದು ನಕ್ಷತ್ರ. ಹೊಳೆಯುವ ಒಂದನ್ನು ಹಿಡಿದು ಫೋಕಸ್ ತುಸು ಕೆಡಿಸಿದರೆ ಅದು ಉದ್ದಿನವಡೆಯ ಹಾಗೆ ಅಗಲವಾಗುತ್ತದೆ, ಮೈತುಂಬ ಉಂಗುರಗಳು. ವಡೆಯ ತೂತು ಎಂದರೆ ಚಿಕ್ಕ ಕನ್ನಡಿಯ ನೆರಳು. ಅದು ನಡುವಿನಲ್ಲಿದ್ದರೆ ಸರಿ, ಪಕ್ಕಕ್ಕೆ ಸರಿದಿದ್ದರೆ ಸ್ಕ್ರೂ ತಿರುಗಿಸಬೇಕು.

ಆದರೆ ನಕ್ಷತ್ರ ನಿಲ್ಲಬೇಕಲ್ಲ! ಕೊಳವೆಯ ಹಿಂದೆ ಹೋಗಿ ಸ್ಕ್ರೂ ಮುಟ್ಟಿ ಬರುವಷ್ಟರಲ್ಲಿ ಅದು ಜಾರಿರುತ್ತದೆ. ಅಲುಗದ ಧ್ರುವ ನಕ್ಷತ್ರವನ್ನು ಹಿಡಿಯಿರಿ ಎನ್ನುವುದು ಯುರೋಪಿನವರಿಗೆ ಒಪ್ಪುವ ಸಲಹೆ. ಬೆಂಗಳೂರಿನಲ್ಲಿ ಧ್ರುವ ದಿಗಂತದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ. ಧೂಳು, ಹೊಗೆ, ಎದುರುಮನೆಯ ನೀರಿನ ಟ್ಯಾಂಕು ದಾಟಿ ಅದನ್ನು ಹುಡುಕಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಹಾಗಾಗಿ ನಕ್ಷತ್ರವನ್ನು ನಾವೇ ಮಾಡಿಕೊಳ್ಳುವುದು ಮೇಲು.

ಉಪಾಯ ಹಳೆಯದು. 1850ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಲಿಯೋನ್ ಫೂಕೋ, ಲೋಲಕ ತೂಗಿಬಿಟ್ಟು ಭೂಮಿ ತಿರುಗುವುದನ್ನು ತೋರಿಸಿದ ಅದೇ ಫೂಕೋ, ಕನ್ನಡಿಯ ಮೈ ಪರೀಕ್ಷಿಸಲು ದೀಪದ ಮುಂದೆ ಸಣ್ಣ ರಂಧ್ರವಿಟ್ಟು ಬೆಳಕಿನ ಚುಕ್ಕಿ ಮಾಡಿಕೊಂಡಿದ್ದ.

ಚುಕ್ಕಿ ಎಷ್ಟು ಸಣ್ಣದಿರಬೇಕು? ಬೆಳಕು ಅಲೆಯಾದ್ದರಿಂದ ಎಂಥ ಟೆಲಿಸ್ಕೋಪೂ ನಕ್ಷತ್ರವನ್ನು ಪುಟ್ಟ ಬಿಲ್ಲೆಯಾಗಿಯೇ ತೋರಿಸುತ್ತದೆ. 200 ಮಿ.ಮೀ. ಅಗಲದ ಕನ್ನಡಿಗೆ ಆ ಬಿಲ್ಲೆ, 30 ಮೀಟರ್ ದೂರದಲ್ಲಿಟ್ಟ 0.2 ಮಿ.ಮೀ. ವಸ್ತುವಿನಷ್ಟು. ನಮ್ಮ ಚುಕ್ಕಿ ಇದರ ಮೂರನೇ ಒಂದು ಪಾಲನ್ನು, ಅಂದರೆ ತಲೆಗೂದಲಿನ ದಪ್ಪವನ್ನು, ಮೀರಬಾರದು. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲನ್ನು ಗಾಜಿನ ಮೇಲೆ ಹರಡಿ, ಸೂಜಿಯ ತುದಿಯನ್ನು ಒತ್ತದೆ ಮುಟ್ಟಿಸಿ ತಿರುಗಿಸಿದರೆ ಇಂಥ ರಂಧ್ರ ಬರುತ್ತದೆ. ಹಿಂದೆ ಎಲ್‌ಇಡಿ ಟಾರ್ಚ್ ಇಟ್ಟರೆ ರಾತ್ರಿಗೆ ನಕ್ಷತ್ರ ಸಿದ್ಧ. ಬರುತ್ತದೆ ಎಂದೆನಲ್ಲ, ನನ್ನ ಕೈಯಲ್ಲಿ ಹತ್ತಕ್ಕೆ ಒಂಬತ್ತು ಹರಿದವು.

ಅದಕ್ಕೇ ನನ್ನ ಮತ ಸೈಕಲ್ ಗುಂಡಿಗೆ. ಸೈಕಲ್ ರಿಪೇರಿಯವರ ಹತ್ತಿರ ಬೇರಿಂಗ್ ಬಾಲ್ಸ್ ಕೇಳಿ, ಹಿಂದಿನ ಚಕ್ರಕ್ಕೆ ಹಾಕುವ ಕಾಲಿಂಚಿನವು. ಉಬ್ಬಿದ ಕನ್ನಡಿಯಲ್ಲಿ ಎಲ್ಲವೂ ಕುಗ್ಗಿ ಕಾಣುವುದನ್ನು ಬಸ್ಸಿನ ಪಕ್ಕದ ಕನ್ನಡಿಯಲ್ಲಿ ನೋಡಿರುತ್ತೀರಿ. ಈ ಗುಂಡಿನೊಳಗೆ ಸೂರ್ಯನ ಬಿಂಬ ಕುಗ್ಗಿ ಸುಮಾರು 0.015 ಮಿ.ಮೀ. ಆಗುತ್ತದೆ. ಯಾವ ಸೂಜಿಗೂ ಈ ಅಳತೆ ಸಾಧ್ಯವಿಲ್ಲ. ಅಷ್ಟಾಗಿಯೂ 30 ಮೀಟರಿನಿಂದ ಅದು ಶುಕ್ರನಷ್ಟು ಪ್ರಖರ. ಕಪ್ಪು ಬಟ್ಟೆ ಸುತ್ತಿದ ಹಲಗೆಗೆ ಅಂಟಿಸಿದರೆ ಹಗಲಲ್ಲೇ ನಕ್ಷತ್ರ ಮೂಡುತ್ತದೆ.

ದೂರದ ಲೆಕ್ಕ ತಪ್ಪಬೇಡಿ. ಟೆಲಿಸ್ಕೋಪಿನ ಸಂಗಮದೂರದ 20 ಪಟ್ಟಾದರೂ ಬೇಕು, 1200 ಮಿ.ಮೀ.ಗೆ 24 ಮೀಟರ್. ತಾರಸಿ ಸಾಲದು, ಶಾಲೆಯ ಮೈದಾನವೇ ಸರಿ. ಇನ್ನೊಂದು ಪೇಚಿದೆ. ಹತ್ತಿರದ ವಸ್ತುವಿನ ಬಿಂಬ ಹಿಂದಕ್ಕೆ ಸರಿಯುತ್ತದೆ: ಇದೇ ಟೆಲಿಸ್ಕೋಪಿಗೆ ಗುಂಡು 30 ಮೀಟರಿನಲ್ಲಿದ್ದರೆ ಐಪೀಸನ್ನು 5 ಸೆಂ.ಮೀ. ಹೊರಗೆ ಎಳೆಯಬೇಕು. ಅಷ್ಟು ಬಾರದಿದ್ದರೆ ಗುಂಡನ್ನು 60 ಮೀಟರಿಗೆ ಒಯ್ಯಿರಿ, ಎರಡೂವರೆ ಸೆಂ.ಮೀ. ಸಾಕಾಗುತ್ತದೆ.

ಬಿಸಿಲೇರಿದರೆ ನೆಲದ ಝಳಕ್ಕೆ ಉಂಗುರಗಳು ಕುದಿಯುವ ನೀರಿನಂತೆ ಕದಡುತ್ತವೆ. ಬೆಳಗ್ಗೆ ಎಂಟರೊಳಗೆ, ಹುಲ್ಲಿನ ಮೇಲೆ ಈ ಕೆಲಸ ಮುಗಿಯಲಿ. ಗುಂಡು ಪಶ್ಚಿಮಕ್ಕಿರಲಿ, ಸೂರ್ಯ ನಿಮ್ಮ ಬೆನ್ನಿಗಿರಲಿ. ಕೊಳವೆ ಅಪ್ಪಿತಪ್ಪಿ ಸೂರ್ಯನತ್ತ ತಿರುಗಿದಾಗ ಐಪೀಸಿಗೆ ಕಣ್ಣಿಟ್ಟರೆ ಕ್ಷಣದಲ್ಲಿ ದೃಷ್ಟಿ ಹೋಗುತ್ತದೆ. ಮಕ್ಕಳಿದ್ದರೆ ಒಬ್ಬ ದೊಡ್ಡವರು ಟೆಲಿಸ್ಕೋಪ್ ಬಿಟ್ಟು ಕದಲಬಾರದು. ಮೊದಲು ತಳದ ಮೂರು ಸ್ಕ್ರೂಗಳಲ್ಲೇ ಪ್ರಯತ್ನಿಸಿ, ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಪ್ರತಿ ಸಲವೂ ನಕ್ಷತ್ರವನ್ನು ನಡುವಿಗೆ ತಂದುಕೊಂಡೇ ಉಂಗುರ ನೋಡಿ.

ಮುಗಿದ ಮೇಲೆ ಗುಂಡಿಗೆ ಒಂದು ತೊಟ್ಟು ಹೊಲಿಗೆಯಂತ್ರದ ಎಣ್ಣೆ ಸವರಿ ಡಬ್ಬಿಯಲ್ಲಿಡಿ. ನಮ್ಮ ಮಳೆಗಾಲದಲ್ಲಿ ತುಕ್ಕು ಬೇಗ ಹಿಡಿಯುತ್ತದೆ.