ಸಂಶೋಧನಾ ಲೇಖನಕ್ಕೆ ಸರಕಾರದ ಹಣ: ಗಳಿಕೆ ಹೇಗೆ, ಹಂಚಿಕೆ ಯಾರಿಗೆ?

ಅಡಿಕೆ ಹಾಳೆಯಿಂದ ತಯಾರಿಸಿದ ತಟ್ಟೆ, ಬಟ್ಟಲುಗಳನ್ನು ಆಹಾರ ಬಡಿಸಲು ಬಳಸುವುದಕ್ಕೆ ತನ್ನ ಅನುಮೋದನೆ ಇಲ್ಲವೆಂದು ಅಮೆರಿಕೆಯ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಪುತ್ತೂರು, ಕಡಬ, ಸುಳ್ಯ ತಾಲೂಕುಗಳ ತಯಾರಕರಿಗೆ ಅದರಿಂದುಂಟಾದ ಸಂಕಷ್ಟವನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾದುದಿಲ್ಲ. ಅಡಿಕೆ ಮರದಲ್ಲಿ ಸಹಜವಾಗಿರುವ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂಬುದು ಆಡಳಿತದ ಆಕ್ಷೇಪ. ನಮ್ಮ ಅಜ್ಜಂದಿರ ಕಾಲದಿಂದಲೂ ಹಾಳೆಯಲ್ಲಿ ಉಂಡಿದ್ದೇವೆ ಎಂಬ ಮಾತು ಅಲ್ಲಿ ಸಲ್ಲದು. ಒಂದು ಪದಾರ್ಥವು ಸುರಕ್ಷಿತವೆಂದು ವೈಜ್ಞಾನಿಕವಾಗಿ ಸಾಧಿಸಬೇಕಾದರೆ ಆ ದೇಶದ ನಿಯಮವು ಸಾಮಾನ್ಯವಾಗಿ ಪ್ರಕಟಿತ ಅಧ್ಯಯನಗಳನ್ನೇ ಕೇಳುತ್ತದೆ.

ಈ ಸಂದರ್ಭದಲ್ಲಿ ಆಲಂಕಾರು ಕಡೆಯ ತಯಾರಕರೊಬ್ಬರು ನನ್ನಲ್ಲಿ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. "ಲೇಖನ ಬರೆದರೆ ಯೂನಿವರ್ಸಿಟಿಗೆ ಸರಕಾರವೇ ದುಡ್ಡು ಕೊಡುತ್ತದಂತಲ್ಲ, ಮತ್ತೆ ನಮ್ಮ ಹಾಳೆಯ ಬಗ್ಗೆ ಅವರು ಯಾಕೆ ಬರೆಯುವುದಿಲ್ಲ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರಲ್ಲಿ ಅಡಗಿರುವ ತಿಳುವಳಿಕೆ ಅರ್ಧ ಮಾತ್ರ ಸರಿ.

ಲೇಖನವೊಂದಕ್ಕೆ ಇಷ್ಟು ಎಂದು ದರ ಕಟ್ಟಿ ಸರಕಾರವೇ ಹಣ ಕೊಡುವ ದೇಶವಿದೆ. ಅದು ದಕ್ಷಿಣ ಆಫ್ರಿಕ. ಅಲ್ಲಿಯ ಉನ್ನತ ಶಿಕ್ಷಣ ಇಲಾಖೆಯು ಮಾನ್ಯತೆ ಪಡೆದ ನಿಯತಕಾಲಿಕಗಳ ಪಟ್ಟಿಯನ್ನಿಟ್ಟುಕೊಂಡು, ಅವುಗಳಲ್ಲಿ ಪ್ರಕಟವಾದ ಪ್ರತಿ ಲೇಖನಕ್ಕೂ ಒಂದು ಯೂನಿಟ್ ಎಂದು ಲೆಕ್ಕ ಹಾಕುತ್ತದೆ, ಪಿಎಚ್.ಡಿ. ಪದವಿಯೊಂದಕ್ಕೆ ಮೂರು ಯೂನಿಟ್. ಯೂನಿಟ್ಟಿನ ಬೆಲೆ 1 ಲಕ್ಷ ರ‍್ಯಾಂಡಿಗೂ ಮೀರಿದ್ದುಂಟು. ಇಬ್ಬರು ಲೇಖಕರು ಎರಡು ವಿಶ್ವವಿದ್ಯಾನಿಲಯಗಳಿಗೆ ಸೇರಿದವರಾದರೆ ಅರ್ಧರ್ಧ ಯೂನಿಟ್. ಲೇಖಕರಲ್ಲೊಬ್ಬರು ಹೊರದೇಶದವರಾದರೆ ಅವರ ಪಾಲಿಗೆ ಹಣವಿಲ್ಲ. ಹಣ ಸಂದಾಯವಾಗುವುದು ವಿಶ್ವವಿದ್ಯಾನಿಲಯಕ್ಕೆ. ಅದರಲ್ಲಿ ಬರೆದವರಿಗೆಷ್ಟು, ವಿಭಾಗಕ್ಕೆಷ್ಟು ಎಂಬುದನ್ನು ಆಯಾ ವಿಶ್ವವಿದ್ಯಾನಿಲಯವೇ ತೀರ್ಮಾನಿಸುತ್ತದೆ.

ತುಂಡಿಗಿಷ್ಟು ಎಂದು ಕೂಲಿ ಕೊಡುವ ಕಾರ್ಖಾನೆಯಲ್ಲಿ ಏನಾಗುತ್ತದೆಂಬುದು ನಮ್ಮ ತಯಾರಕ ಬಂಧುಗಳಿಗೆ ಗೊತ್ತಿರುವುದೇ. ತುಂಡುಗಳ ಸಂಖ್ಯೆ ಏರುತ್ತದೆ, ಗುಣ ನೋಡಲು ಇನ್ನೊಬ್ಬನನ್ನು ನೇಮಿಸಬೇಕಾಗುತ್ತದೆ. 2005ರಿಂದ 2014ರವರೆಗಿನ ಅವಧಿಯಲ್ಲಿ ದಕ್ಷಿಣ ಆಫ್ರಿಕದವರು ಬರೆದ ನಾಲ್ಕು ಸಾವಿರಕ್ಕೂ ಮಿಕ್ಕಿದ ಲೇಖನಗಳು, ಕಾಸು ಪಡೆದು ಪರಿಶೀಲನೆಯಿಲ್ಲದೆ ಅಚ್ಚು ಹಾಕುವ ಸಂಶಯಾಸ್ಪದ ನಿಯತಕಾಲಿಕಗಳಲ್ಲಿ ಪ್ರಕಟವಾಗಿದ್ದವೆಂದು 2017ರ ಅಧ್ಯಯನವೊಂದು ಎಣಿಸಿ ತೋರಿಸಿತು. ಪ್ರಕಟಣೆಗಾಗಿ ನಗದು ಬಹುಮಾನ ಕೊಡುವ ಪದ್ಧತಿ ವ್ಯಾಪಕವಾಗಿದ್ದ ಚೀನಾ ದೇಶವು 2020ರಲ್ಲಿ ಅದನ್ನು ನಿಲ್ಲಿಸುವಂತೆ ತನ್ನ ಸಂಸ್ಥೆಗಳಿಗೆ ಆದೇಶಿಸಿತು.

ಇನ್ನು ನಮ್ಮ ದೇಶದ ವಿಚಾರ. ಇಲ್ಲಿ ಲೇಖನಕ್ಕೆ ದರಪಟ್ಟಿ ಇಲ್ಲ. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯವನ್ನೇ ತೆಗೆದುಕೊಳ್ಳೋಣ. ಖಾಯಂ ಸಿಬ್ಬಂದಿಯ ವೇತನಕ್ಕೆ ರಾಜ್ಯ ಸರಕಾರದ ಅನುದಾನ. ಉಳಿದ ಖರ್ಚಿಗೆ ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕ ಮುಂತಾದ ಸ್ವಂತ ಆದಾಯ. ಸಂಶೋಧನೆಗೆ ಬಹುಪಾಲು ಕೇಂದ್ರದ ಇಲಾಖೆಗಳಿಂದ ಬರುವ ಯೋಜನಾ ಹಣ. ಈ ಮೂರು ಬುಟ್ಟಿಗಳಲ್ಲಿ ಲೇಖನದ ಸಂಖ್ಯೆ ನೇರವಾಗಿ ಮಾತಾಡುವುದು ಮೂರನೆಯದರಲ್ಲಿ ಮಾತ್ರ.

ಲೇಖನಕ್ಕೂ ಹಣಕ್ಕೂ ಅತಿ ಸಮೀಪದ ಸಂಬಂಧವಿದ್ದ ಯೋಜನೆಯೆಂದರೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2009ರಲ್ಲಿ ಆರಂಭಿಸಿದ 'ಪರ್ಸ್' ಯೋಜನೆ. ಕೊಣಾಜೆಯಲ್ಲಿ ಅದೇ ಹೆಸರಿನ ಪ್ರಯೋಗಾಲಯವು ಈ ಹಣದಿಂದಲೇ ಆದದ್ದು. ಇದರಲ್ಲಿ ವಿಶ್ವವಿದ್ಯಾನಿಲಯಗಳನ್ನು ಆರಿಸಲು ಬಳಸಿದ ಅಳತೆ 'ಎಚ್ ಇಂಡೆಕ್ಸ್'. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಒಬ್ಬ ವರ್ತಕನಲ್ಲಿ ಕನಿಷ್ಠ 40 ಬಾರಿ ಮರಳಿ ಬಂದ ಗಿರಾಕಿಗಳು 40 ಮಂದಿ ಇದ್ದರೆ ಅವನ ಅಂಕ 40. ಒಬ್ಬನೇ ಗಿರಾಕಿ ಸಾವಿರ ಸಲ ಬಂದರೂ, ಸಾವಿರ ಮಂದಿ ಒಂದೊಂದೇ ಸಲ ಬಂದರೂ ಅಂಕ ಒಂದೇ ಆಗುತ್ತದೆ. ಇಲ್ಲಿ ಗಿರಾಕಿ ಎಂದರೆ ಲೇಖನ. ಮರಳಿ ಬರುವುದೆಂದರೆ ಇತರ ಸಂಶೋಧಕರು ಅದನ್ನು ತಮ್ಮ ಬರಹದಲ್ಲಿ ಉಲ್ಲೇಖಿಸುವುದು. ಬರಿಯ ಸಂಖ್ಯೆಗಿಂತ ಇದು ಉತ್ತಮ ಅಳತೆಯೆಂದೇ ನನ್ನ ಅಭಿಪ್ರಾಯ. ಆದರೆ ದೋಷವಿಲ್ಲದಿಲ್ಲ. ಜಗತ್ತಿನಾದ್ಯಂತ ಸಾವಿರಾರು ಮಂದಿ ದುಡಿಯುವ ವಿಷಯದಲ್ಲಿ ಉಲ್ಲೇಖ ಬೇಗ ಸಿಗುತ್ತದೆ. ಅಡಿಕೆ ಹಾಳೆಯ ಮೇಲೆ ಬರೆದವನನ್ನು ಉಲ್ಲೇಖಿಸುವವರು ಎಷ್ಟು ಮಂದಿ ಇದ್ದಾರು? ನಮ್ಮ ಆಲಂಕಾರಿನ ಮಿತ್ರರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಪರೋಕ್ಷ ಮಾರ್ಗಗಳು ಇನ್ನೆರಡಿವೆ. 2016ರಿಂದ ಪ್ರತಿವರ್ಷ ಪ್ರಕಟವಾಗುತ್ತಿರುವ ರಾಷ್ಟ್ರೀಯ ಶ್ರೇಯಾಂಕದಲ್ಲಿ, ಅಂದರೆ ಎನ್‌ಐಆರ್‌ಎಫ್‌ನಲ್ಲಿ, ವಿಶ್ವವಿದ್ಯಾನಿಲಯಗಳಿಗೆ ಸಂಶೋಧನೆಯ ಶೀರ್ಷಿಕೆಯಡಿ ನೂರಕ್ಕೆ 30 ಅಂಕಗಳ ತೂಕ ನೀಡಲಾಗಿದೆ. ಬೆಂಗಳೂರಿನಲ್ಲಿ ಕಚೇರಿಯುಳ್ಳ ನ್ಯಾಕ್ ಸಂಸ್ಥೆಯ ಅಂಕಪದ್ಧತಿಯಲ್ಲಿಯೂ ಸಂಶೋಧನೆಗೆ ಪ್ರತ್ಯೇಕ ಸ್ಥಾನವಿತ್ತು. ಒಳ್ಳೆಯ ದರ್ಜೆ ದೊರೆತ ಸಂಸ್ಥೆಗೆ ಅನುದಾನದ ಅರ್ಜಿ ಹಾಕುವ ಅರ್ಹತೆಯೂ ವಿದ್ಯಾರ್ಥಿಗಳ ಒಲವೂ ದೊರೆಯುತ್ತವೆ. ಬ್ಯಾಂಕು ಸಾಲ ಕೊಡುವ ಮೊದಲು ರೇಟಿಂಗ್ ನೋಡುವಂತೆಯೇ ಇದು.

ಬರೆಯುವ ಅಧ್ಯಾಪಕರಿಗೆ ದೊರೆಯುವ ಲಾಭ ಹಣವಲ್ಲ, ಬಡ್ತಿ. ಯುಜಿಸಿಯ 2010ರ ನಿಯಮಾವಳಿಯು ಪ್ರಕಟಣೆಗೆ ಅಂಕ ನಿಗದಿಪಡಿಸಿದ ಮೇಲೆ ನಮ್ಮಲ್ಲಿಯೂ ದಕ್ಷಿಣ ಆಫ್ರಿಕದ ಕಥೆಯೇ ನಡೆಯಿತು. 2018ರ ಮೇ ತಿಂಗಳಲ್ಲಿ ಯುಜಿಸಿಯು ತಾನೇ ಮಾನ್ಯ ಮಾಡಿದ್ದ ಪಟ್ಟಿಯಿಂದ 4,305 ನಿಯತಕಾಲಿಕಗಳನ್ನು ತೆಗೆದುಹಾಕಬೇಕಾಯಿತು. ಅದರ ಬದಲು ಬಂದ 'ಕೇರ್' ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ಕೈಬಿಟ್ಟು, ಗುಣಮಟ್ಟ ನೋಡುವ ಹೊಣೆಯನ್ನು ಆಯಾ ಸಂಸ್ಥೆಗಳಿಗೇ ವಹಿಸಲಾಯಿತು. ದೋಷ ಕಂಡುಬಂದು ಹಿಂತೆಗೆದುಕೊಳ್ಳಲಾದ ಲೇಖನಗಳಿಗೆ ಶ್ರೇಯಾಂಕದಲ್ಲಿ ಋಣಾಂಕ ನೀಡುವ ಕ್ರಮವೂ 2025ರಲ್ಲಿಯೇ ಬಂದಿತು. ಮಾರಿದ ಮಾಲು ವಾಪಸು ಬಂದರೆ ಖಾತೆಯಿಂದ ಕಳೆಯಬೇಕೆಂಬುದು ನಮಗೆ ಹೊಸ ನಿಯಮವೇನಲ್ಲ!

ಈಗ ಹಂಚಿಕೆ. ಇದನ್ನು ನಮ್ಮವರು ಬಹುಮಟ್ಟಿಗೆ ತಪ್ಪಾಗಿ ತಿಳಿದಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಪ್ರಾಧ್ಯಾಪಕರೊಬ್ಬರಿಗೆ 33 ಲಕ್ಷ ರೂಪಾಯಿಯ ಯೋಜನೆ ಮಂಜೂರಾಯಿತೆಂದು ಭಾವಿಸಿ. ಪತ್ರಿಕೆಯಲ್ಲಿ ಅವರ ಭಾವಚಿತ್ರ ಬರುತ್ತದೆ. ಆದರೆ ಅದರಲ್ಲಿ ಒಂದು ರೂಪಾಯಿಯೂ ಅವರ ಸಂಬಳವಲ್ಲ. ಹಣವು ವಿಶ್ವವಿದ್ಯಾನಿಲಯದ ಹಣಕಾಸು ಅಧಿಕಾರಿಯ ಮೂಲಕ ಯೋಜನೆಯ ಪ್ರತ್ಯೇಕ ಲೆಕ್ಕಕ್ಕೆ ಬರುತ್ತದೆ. ಉದಾಹರಣೆಗೆ, ಉಪಕರಣಕ್ಕೆ 12 ಲಕ್ಷ. ಸಂಶೋಧನಾ ಸಹಾಯಕನ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷಕ್ಕೆ 8 ಲಕ್ಷ 88 ಸಾವಿರ, ಮನೆ ಬಾಡಿಗೆ ಭತ್ಯೆ ಬೇರೆ. ಮೂರನೆಯ ವರ್ಷ ದರ ಇನ್ನೂ ಹೆಚ್ಚು. ರಾಸಾಯನಿಕ, ಗಾಜಿನ ಸಾಮಾನು, ಪ್ರವಾಸಕ್ಕೆ ಒಂದಿಷ್ಟು. ಕೊನೆಯಲ್ಲಿ ವಿಶ್ವವಿದ್ಯಾನಿಲಯದ ಪಾಲು, ಓವರ್‌ಹೆಡ್ ಎಂಬುದು. ಶಿಕ್ಷಣ ಸಂಸ್ಥೆಗಳ ಸಾಧಾರಣ ಗಾತ್ರದ ಯೋಜನೆಗಳಲ್ಲಿ ಇದು ಬಹುಕಾಲ ಶೇಕಡಾ 10ರ ಆಸುಪಾಸಿನಲ್ಲಿ ಇದ್ದದ್ದು. ವಿದ್ಯುತ್, ನೀರು, ಕಟ್ಟಡ, ಗುಮಾಸ್ತರ ಕೆಲಸ ಎಲ್ಲಕ್ಕೂ ಇದೇ.

ಈ ಶೇಕಡಾ 10ರಲ್ಲಿ ವಿಶ್ವವಿದ್ಯಾನಿಲಯಕ್ಕೆ ನಷ್ಟವಲ್ಲದೆ ಲಾಭವಿಲ್ಲವೆಂಬುದು ಲೆಕ್ಕ ತಿಳಿದವರಿಗೆಲ್ಲ ಸ್ಪಷ್ಟ. ಹಾಗಿದ್ದರೂ ಅವರು ಯೋಜನೆಗಳನ್ನು ಬಯಸುವುದು ಉಪಕರಣ ಉಳಿಯುತ್ತದೆಂದು, ಲೇಖನ ಹುಟ್ಟುತ್ತದೆಂದು. ಖರ್ಚಾಗದೆ ಉಳಿದ ಹಣವನ್ನೂ ಅದರ ಮೇಲಿನ ಬ್ಯಾಂಕ್ ಬಡ್ಡಿಯನ್ನೂ ಸರಕಾರಕ್ಕೆ ಹಿಂತಿರುಗಿಸಬೇಕು. 2017ರ ಸಾಮಾನ್ಯ ಹಣಕಾಸು ನಿಯಮಾವಳಿಯಂತೆ ಹಣ ಬಳಕೆಯ ಪ್ರಮಾಣಪತ್ರ ಸಲ್ಲಿಸದೆ ಮುಂದಿನ ಕಂತು ಬಾರದು.

ಲೇಖನ ಪ್ರಕಟವಾದಾಗ ನಿಯತಕಾಲಿಕವು ಲೇಖಕರಿಗೆ ಏನನ್ನೂ ಕೊಡುವುದಿಲ್ಲ. ಎಲ್ಲರಿಗೂ ಮುಕ್ತವಾಗಿ ಓದಲು ಇಡುವ ನಿಯತಕಾಲಿಕಗಳಲ್ಲಿ ಹಲವು ಲೇಖಕರಿಂದಲೇ ಶುಲ್ಕ ಪಡೆಯುತ್ತವೆ. ಸಂಶೋಧನೆಗೆ ಹಣ ಕೊಟ್ಟ ಸರಕಾರವೇ ಅದರ ಫಲವನ್ನು ಓದಲು ಮತ್ತೊಮ್ಮೆ ಚಂದಾ ತೆರಬೇಕು: 'ಒಂದು ದೇಶ, ಒಂದು ಚಂದಾ' ಯೋಜನೆಗೆ ಕೇಂದ್ರ ಸಂಪುಟವು 2024ರ ನವೆಂಬರಿನಲ್ಲಿ, 2025ರಿಂದ 2027ರ ತನಕದ ಮೂರು ವರ್ಷಗಳಿಗೆ, 6,000 ಕೋಟಿ ರೂಪಾಯಿ ಒದಗಿಸಿತು.

ಅಡಿಕೆಯ ಮೇಲೆ ಸರಕಾರದ ಹಣ ಬಂದೇ ಇಲ್ಲವೆಂದಲ್ಲ. ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ. ಅದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿಗೆ ಸೇರಿದ್ದರಿಂದ ಹಣದ ದಾರಿ ವಿಶ್ವವಿದ್ಯಾನಿಲಯದ್ದಲ್ಲ. ಅಡಿಕೆ ಮತ್ತು ಮಾನವ ಆರೋಗ್ಯದ ಕುರಿತು ಹಲವು ಸಂಸ್ಥೆಗಳು ಸೇರಿ ನಡೆಸುವ ಅಧ್ಯಯನಕ್ಕೆ ಕೇಂದ್ರವು ಸುಮಾರು 10 ಕೋಟಿ ರೂಪಾಯಿ ಒದಗಿಸಿರುವುದೂ ಉಂಟು. ಆದರೆ ಅಡಿಕೆ ಬೇರೆ, ಹಾಳೆ ಬೇರೆ. ಬಿಸಿ ಸಾರು ಬಡಿಸಿದ ತಟ್ಟೆಯಿಂದ ಆಹಾರಕ್ಕೆ ಏನು ಎಷ್ಟು ಇಳಿಯುತ್ತದೆಂಬ ಪ್ರಶ್ನೆ ಹಾಳೆ ತಟ್ಟೆಯ ಉದ್ಯಮದ್ದು. ಅದಕ್ಕೆ ಉತ್ತರ ಬೇಕಾದವರು ನಾವೇ ಹಣ ಹೂಡುವ ವಿಚಾರ ಮಾಡಬೇಕಾದೀತು.

ಹೂಡುವುದಾದರೆ ಮೂರು ದಾರಿಗಳಿದ್ದು ತೆರಿಗೆಯ ಪರಿಣಾಮ ಒಂದೊಂದರಲ್ಲಿಯೂ ಬೇರೆ. ಅನುಮೋದಿತ ವಿಶ್ವವಿದ್ಯಾನಿಲಯಕ್ಕೆ ಸಂಶೋಧನೆಗಾಗಿ ಕೊಟ್ಟ ದೇಣಿಗೆಗೆ 1961ರ ಆದಾಯ ತೆರಿಗೆ ಕಾಯ್ದೆಯ 35(1)(ii) ಕಲಮಿನಡಿ ಒಂದು ಕಾಲದಲ್ಲಿ ಶೇಕಡಾ 175ರಷ್ಟು ಕಡಿತವಿತ್ತು. ಶೇಕಡಾ 30ರ ದರದಲ್ಲಿ ತೆರಿಗೆ ಕಟ್ಟುವ ಪಾಲುದಾರಿಕೆ ಸಂಸ್ಥೆಯು 1 ಲಕ್ಷ ಕೊಟ್ಟರೆ 54 ಸಾವಿರ ರೂಪಾಯಿ ಉಳಿಯುತ್ತಿತ್ತು. ಕಡಿತವು ಮೊದಲು 150ಕ್ಕೆ, 2020ರ ಏಪ್ರಿಲಿನಿಂದ 100ಕ್ಕೆ ಇಳಿದು ಉಳಿತಾಯ 31,200ಕ್ಕೆ ನಿಂತಿತು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ವ್ಯಕ್ತಿಗಳಿಗೆ ಈ ದೇಣಿಗೆಯ ಕಡಿತವೇ ಇಲ್ಲ. (2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ; ತಮ್ಮ ಲೆಕ್ಕಪರಿಶೋಧಕರಲ್ಲಿ ವಿಚಾರಿಸಿಕೊಳ್ಳುವುದು.)

ಎರಡನೆಯದು, ತಮ್ಮದೇ ಉದ್ಯಮಕ್ಕೆ ಸಂಬಂಧಿಸಿದ ಸಂಶೋಧನೆಯ ಖರ್ಚು. ಇದು ದಾನವಲ್ಲ, ವ್ಯವಹಾರದ ವೆಚ್ಚ. ಹೊಸ ಪದ್ಧತಿಯಲ್ಲಿಯೂ ಸಲ್ಲುತ್ತದೆ. ಸಣ್ಣ ತಯಾರಕರಿಗೆ ಇದೇ ಅನುಕೂಲವೆಂದು ನನ್ನ ಸಲಹೆ. ಇದನ್ನು ಕನ್ಸಲ್ಟೆನ್ಸಿ ಎಂದು ಬಿಲ್ಲು ಮಾಡಿದರೆ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ. ನೋಂದಾಯಿತರು ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ನೋಂದಣಿಯಿಲ್ಲದವರಿಗೆ ಅದು ಖರ್ಚೇ. ಶುಲ್ಕದಲ್ಲಿ ಅಧ್ಯಾಪಕರಿಗೂ ಒಂದು ಪಾಲು ದೊರೆಯುವುದುಂಟು. ಪ್ರಮಾಣ ಆಯಾ ವಿಶ್ವವಿದ್ಯಾನಿಲಯದ ನಿಯಮದಂತೆ. ಜೊತೆಗೆ ಈ ಆದಾಯವೂ ಶ್ರೇಯಾಂಕದ ಲೆಕ್ಕಕ್ಕೆ ಸೇರುವುದರಿಂದ ತಮ್ಮ ಚೆಕ್ಕು ಸಣ್ಣದಾದರೂ ಅವರಿಗೆ ಬೇಡವಾದದ್ದಲ್ಲ.

ಮೂರನೆಯದು ಸಂಶೋಧನಾ ಅನುದಾನ. ಇದೇ ಕಲಮಿನಡಿ ಅಧಿಸೂಚಿತವಾದ ವಿಶ್ವವಿದ್ಯಾನಿಲಯಗಳು ಸರಕಾರಿ ಅಥವಾ ಖಾಸಗಿ ಅನುದಾನದಿಂದ ನಡೆಸುವ ಸಂಶೋಧನಾ ಸೇವೆಗೆ ಜಿಎಸ್‌ಟಿ ಮಂಡಳಿಯು 2024ರ ಸೆಪ್ಟೆಂಬರಿನ 54ನೇ ಸಭೆಯಲ್ಲಿ ವಿನಾಯಿತಿ ಶಿಫಾರಸು ಮಾಡಿತು. ಹತ್ತು ತಯಾರಕರು ಕೂಡಿ ಕೊಡುವ ಹಣಕ್ಕೆ ಈ ಮಾರ್ಗ ಹೊಂದುತ್ತದೆ.

ಒಪ್ಪಂದಕ್ಕೆ ರುಜು ಹಾಕುವ ಮೊದಲು ಒಂದು ಮಾತನ್ನು ಬರಹದಲ್ಲಿ ನಿಶ್ಚಯಿಸಿಕೊಳ್ಳಬೇಕು. ವರ್ತಕನು ಫಲಿತಾಂಶ ತನ್ನಲ್ಲಿಯೇ ಗುಟ್ಟಾಗಿರಲೆಂದು ಬಯಸುತ್ತಾನೆ. ಅಧ್ಯಾಪಕನಿಗೆ ಅದು ಪ್ರಕಟವಾಗದಿದ್ದರೆ ಬಡ್ತಿಗೆ ಉಪಯೋಗವಿಲ್ಲ. ಯಂತ್ರದ ಡೈ ಅಥವಾ ಒಣಗಿಸುವ ಕ್ರಮದ ವಿಷಯದಲ್ಲಿ ಗುಟ್ಟು ಇರಲಿ. ಹಾಳೆಯ ಸುರಕ್ಷತೆಯ ವಿಷಯದಲ್ಲಿ ಗುಟ್ಟಿನಿಂದ ನಮಗೇ ನಷ್ಟ, ಯಾಕೆಂದರೆ ಅಮೆರಿಕೆಯ ಆಡಳಿತವು ನೋಡುವುದು ಪ್ರಕಟವಾದದ್ದನ್ನು. ಫಲಿತಾಂಶ ನಮಗೆ ವಿರುದ್ಧವಾಗಿ ಬಂದರೂ ಅದು ಅಚ್ಚಾಗುತ್ತದೆಂಬ ಅರಿವಿನಿಂದಲೇ ಹಣ ಕೊಡಬೇಕು. ಅನುಕೂಲವಾದುದನ್ನು ಮಾತ್ರ ಪ್ರಕಟಿಸುವ ಕರಾರಿದ್ದರೆ ಆ ಲೇಖನಕ್ಕೆ ಎಲ್ಲಿಯೂ ಬೆಲೆ ಇರುವುದಿಲ್ಲ.

ದೇಣಿಗೆಯ ಮಾರ್ಗವನ್ನೇ ಆರಿಸುವವರಿಗೆ ಎಚ್ಚರಿಕೆ. ಚೆಕ್ಕು ಪಡೆದು ಕಮಿಷನ್ ಮುರಿದು ನಗದು ಹಿಂದಿರುಗಿಸುತ್ತಿದ್ದ ಹೆಸರಿಗಷ್ಟೇ ಸಂಶೋಧನಾ ಸಂಸ್ಥೆಗಳು ಹಿಂದೆ ಪತ್ತೆಯಾಗಿ, ದೇಣಿಗೆ ಕೊಟ್ಟವರೆಲ್ಲ ನೋಟಿಸು ಪಡೆದದ್ದುಂಟು. ವಿಶ್ವವಿದ್ಯಾನಿಲಯವೆಂಬ ಹೆಸರಿದ್ದ ಮಾತ್ರಕ್ಕೆ ಕಡಿತ ದೊರೆಯದು; ರಾಜಪತ್ರದ ಅಧಿಸೂಚನೆಯ ಪ್ರತಿ, ಅದರ ಅವಧಿ, ವರ್ಷಾಂತ್ಯದ ಬಳಿಕ ಸಂಸ್ಥೆಯು ಕೊಡಬೇಕಾದ ನಮೂನೆ 10ಬಿಇ ಪ್ರಮಾಣಪತ್ರ, ಇವುಗಳನ್ನು ಕೇಳಿ ಪಡೆದು ಕಡತದಲ್ಲಿಡುವುದು.